ಗಂಟಿದ್ದ ಬಾಡಿ, ಎಂಬತ್ತು ಡಾಲರಿನ ನೆಕ್: ಬಿಡಿಭಾಗದ ಗಿಟಾರಿನ ಗುಣಮಟ್ಟ ಅಳೆದ ಬಗೆ

ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ 1970ರ ದಶಕದಲ್ಲಿ ತಾವೇ ಜೋಡಿಸಿಕೊಂಡ ಪಟ್ಟೆಪಟ್ಟೆ ಗಿಟಾರಿನ ಬಾಡಿ, ಅಂದರೆ ಮರದ ಒಡಲಿಗೆ ಕೊಟ್ಟದ್ದು 50 ಡಾಲರ್. ಆ್ಯಶ್ ಮರದ ಆ ಬಾಡಿಯಲ್ಲಿ ಒಂದು ಗಂಟು ಇತ್ತು. ಅದಕ್ಕೇ ಅದು ಸೆಕೆಂಡ್ಸ್, ಅಂದರೆ ದೋಷವಿದ್ದು ಅಗ್ಗಕ್ಕೆ ಮಾರುವ ಮಾಲಿನ ರಾಶಿ ಸೇರಿತ್ತು. ನೆಕ್‌ಗೆ, ಅಂದರೆ ಬೆರಳಿನಿಂದ ತಂತಿ ಒತ್ತುವ ಉದ್ದನೆಯ ಕೊರಳಿಗೆ, 80 ಡಾಲರ್. ಬಾಡಿಯಲ್ಲಿ ಉಳಿಯಿಂದ ಗುಂಡಿ ತೋಡಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಬ್ಸನ್ ಕಂಪನಿಯ ಪಿಕಪ್ ಕೂರಿಸಿದರು, ನೆಕ್‌ಗೆ ದಪ್ಪ ಫ್ರೆಟ್‌ಗಳನ್ನು (ಸ್ವರಗಳ ಜಾಗ ಗೊತ್ತುಮಾಡುವ ಲೋಹದ ಅಡ್ಡಪಟ್ಟಿಗಳನ್ನು) ತಾವೇ ಬಡಿದರು. 1978ರ ಫೆಬ್ರುವರಿಯಲ್ಲಿ ಅವರ 'ವ್ಯಾನ್ ಹೇಲನ್' ಬ್ಯಾಂಡಿನ ಮೊದಲ ಆಲ್ಬಂ ಬಂದಾಗ ಮರದ ಗಂಟು ಯಾರ ಕಿವಿಗೂ ಬೀಳಲಿಲ್ಲ.

ಬಿಡಿ ಬಾಡಿ, ಬಿಡಿ ನೆಕ್ ಕೊಂಡು ಗಿಟಾರ್ ಕಟ್ಟುವವರ ನಡುವಿನ ವಾದ ಇವತ್ತಿಗೂ ಆ ಗಂಟಿನ ಸುತ್ತಲೇ ಇದೆ. ಮಾರುವವರು ಮರ ತೋರಿಸುತ್ತಾರೆ, ಏಕೆಂದರೆ ಫೋಟೋದಲ್ಲಿ ಕಾಣುವುದು ಮರವೇ. ನುಡಿಸುವವರ ಕೈಗೆ ತಾಗುವುದು ಮಾತ್ರ ಫ್ರೆಟ್ಟು ಮತ್ತು ಅಳತೆ.

ಈ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟವರು ಕ್ಯಾಲಿಫೋರ್ನಿಯಾದ ಫುಲರ್ಟನ್‌ನ ಲಿಯೋ ಫೆಂಡರ್. ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಗಿಬ್ಸನ್‌ನಂಥ ಹಳೆಯ ಕಂಪನಿಗಳು ನೆಕ್ಕನ್ನು ಬಾಡಿಗೆ ಅಂಟು ಹಾಕಿ ಕೂರಿಸುತ್ತಿದ್ದವು. 1950ರಲ್ಲಿ ಬಂದು ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಫೆಂಡರ್ ಗಿಟಾರಿನಲ್ಲಿ ನೆಕ್ ನಿಂತದ್ದು ನಾಲ್ಕು ಸ್ಕ್ರೂಗಳ ಮೇಲೆ. ಫ್ರೆಟ್ ಸವೆಯಿತೇ, ನೆಕ್ ಬಾಗಿತೇ, ಬಿಚ್ಚಿ ಬೇರೆ ಹಾಕಿ ಎಂಬ ಲೆಕ್ಕಾಚಾರ. ಹಾಗೆ ಬದಲಿಸಬೇಕಾದರೆ ಅಳತೆ ಪ್ರತಿ ಸಲ ಒಂದೇ ಇರಬೇಕು. ನೆಕ್ಕಿನ ಬುಡದ ಅಗಲ ಸುಮಾರು 55.6 ಮಿ.ಮೀ., ಅದು ಕೂರುವ ಪಾಕೆಟ್‌ನ ಆಳ ಸುಮಾರು 15.9 ಮಿ.ಮೀ. 1954ರಲ್ಲಿ ಫೆಂಡರ್‌ನ ಇನ್ನೊಂದು ಮಾದರಿ ಸ್ಟ್ರಾಟೋಕಾಸ್ಟರ್ ಬಂದಾಗಲೂ ಪದ್ಧತಿ ಇದೇ. ಬೇರೆಯವರು ಇದೇ ಅಳತೆಗೆ ಮಾಲು ತಯಾರಿಸಿ ಮಾರುತ್ತಾರೆಂದು ಆಗ ಫುಲರ್ಟನ್‌ನಲ್ಲಿ ಯಾರೂ ಎಣಿಸಿರಲಿಕ್ಕಿಲ್ಲ.

1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 13 ಮಿಲಿಯನ್ ಡಾಲರ್ ಕೊಟ್ಟು ಫೆಂಡರ್ ಕಂಪನಿಯನ್ನು ಕೊಂಡಿತು. ಮುಂದಿನ ವರ್ಷಗಳಲ್ಲಿ ಉತ್ಪಾದನೆ ಏರಿತು, ಕೆಲಸದ ಹಿಡಿತ ಸಡಿಲವಾಯಿತು. 1971ರ ಕೊನೆಗೆ ಸ್ಟ್ರಾಟೋಕಾಸ್ಟರ್‌ನ ನಾಲ್ಕು ಸ್ಕ್ರೂ ಮೂರಾಯಿತು, ಜೊತೆಗೆ ನೆಕ್ಕಿನ ಕೋನ ತಿದ್ದುವ ಒಂದು ಏರ್ಪಾಡೂ ಬಂತು. ಆ ವಿನ್ಯಾಸವನ್ನು ಬೈಯುವುದು ವಾಡಿಕೆ. ನನಗನ್ನಿಸುವಂತೆ ಸ್ಕ್ರೂ ಮೂರಾದದ್ದು ದೋಷವಲ್ಲ, ಪಾಕೆಟ್ಟನ್ನು ಸಡಿಲವಾಗಿ ಕೊರೆದದ್ದು ದೋಷ. ಪಕ್ಕದಲ್ಲಿ ಬಿರುಕು ಬಿಟ್ಟಂತೆ ಜಾಗವಿದ್ದರೆ ನೆಕ್ ಅತ್ತಿತ್ತ ಸರಿದು ತುದಿಯ ತಂತಿ ಫ್ರೆಟ್ಟಿನ ಅಂಚಿನಿಂದ ಜಾರುತ್ತದೆ.

ನುಡಿಸುವವರು ದಾರಿ ಕಂಡುಕೊಂಡರು. 1970ರಲ್ಲಿ ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅಮೆರಿಕದ ನ್ಯಾಶ್‌ವಿಲ್‌ನ ಅಂಗಡಿಯೊಂದರಲ್ಲಿ ಹಳೆಯ ಸ್ಟ್ರಾಟೋಕಾಸ್ಟರ್‌ಗಳನ್ನು ಕೊಂಡು, ಕೆಲವನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಸೇರಿಸಿ ಒಂದು ಗಿಟಾರ್ ಮಾಡಿಸಿಕೊಂಡರು. 'ಬ್ಲ್ಯಾಕಿ' ಎಂಬ ಆ ಕಲಬೆರಕೆ ಗಿಟಾರ್ 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ನಾವು ನೀವು ಜೋಡಿಸಿದ ಗಿಟಾರಿಗೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ, ಅದು ಬೇರೆ ವಿಷಯ.

ಹೊಸ ಬಾಡಿ, ಹೊಸ ನೆಕ್ ಮಾಡಿ ಮಾರುವ ಅಂಗಡಿಗಳು ಎದ್ದದ್ದು ಇದೇ ಹೊತ್ತಿಗೆ. ವೇಯ್ನ್ ಶಾರ್ವೆಲ್ 1974ರಲ್ಲಿ ಕ್ಯಾಲಿಫೋರ್ನಿಯಾದ ಅಜೂಸಾದಲ್ಲಿ ರಿಪೇರಿ ಅಂಗಡಿ ತೆರೆದರು. 1975ರಲ್ಲಿ ಟೋಕಿಯೊದಲ್ಲಿ ಇಎಸ್‌ಪಿ, 1976ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಶೆಕ್ಟರ್. ಇವತ್ತು ಪೂರ್ತಿ ಗಿಟಾರ್‌ಗಳಿಗೆ ಹೆಸರಾದ ಈ ಎರಡೂ ಶುರುವಾದದ್ದು ಬಿಡಿಭಾಗದಿಂದಲೇ. ವಾಷಿಂಗ್ಟನ್ ರಾಜ್ಯದ ಪ್ಯುಯಾಲಪ್‌ನಲ್ಲಿ ಲಿನ್ ಎಲ್ಸ್‌ವರ್ತ್ ಅವರ ಬೂಗಿ ಬಾಡೀಸ್ ಇತ್ತು; ಎಡ್ಡಿಯ ಬಾಡಿ ಹುಟ್ಟಿದ್ದು ಅಲ್ಲಿ. ಅದೇ ಊರಿನಲ್ಲಿ 1980ರಲ್ಲಿ ಶುರುವಾದ ವಾರ್ಮತ್ ಇಂದಿಗೂ ಈ ಕಸುಬಿನ ದೊಡ್ಡ ಹೆಸರು.

ಆಗ ಗುಣಮಟ್ಟ ಎಂದರೆ ಫೆಂಡರ್‌ನವರು ಕೊಡದ್ದನ್ನು ಕೊಡುವುದು: ಕೋವಾ, ವಾಲ್‌ನಟ್‌ನಂಥ ಬೆಲೆಬಾಳುವ ಮರ, ಹಿತ್ತಾಳೆಯ ಬ್ರಿಜ್ಜು (ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಭಾಗ), ಭಾರ. ಭಾರ ಇದ್ದಷ್ಟೂ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ನಂಬಿಕೆಯಿತ್ತು. ಈಗ ಗಾಳಿ ತಿರುಗಿದೆ. ಬಾಡಿ 1.8 ಕಿಲೋಗಿಂತ ಹಗುರವಿದ್ದರೆ ಅದಕ್ಕೇ ಹೆಚ್ಚು ದುಡ್ಡು. ಭಾರವಾದದ್ದೂ ಹಗುರವಾದದ್ದೂ ಒಂದೊಂದು ಕಾಲಕ್ಕೆ ಉತ್ತಮ ಎನಿಸಿಕೊಂಡಿವೆ ಎಂದಮೇಲೆ ಈ ಮಾನದಂಡವನ್ನು ಎಷ್ಟು ನಂಬಬೇಕೋ ಓದುಗರೇ ತೀರ್ಮಾನಿಸಲಿ. ಹಗುರ ಬಾಡಿಯಿಂದ ಹೆಗಲಿಗೆ ಸುಖ ಎಂಬುದಂತೂ ಖಂಡಿತ.

ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರಗಳು ಬಂದಮೇಲೆ ಲೆಕ್ಕ ಬದಲಾಯಿತು. ಫ್ರೆಟ್ ಸೀಳುಗಳ ಜಾಗ ಶುದ್ಧ ಗಣಿತ: ಫೆಂಡರ್ ಮಾದರಿಯಲ್ಲಿ ತಂತಿಯ ಉದ್ದ 647.7 ಮಿ.ಮೀ., ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.35 ಮಿ.ಮೀ. ದೂರದಲ್ಲಿ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧಕ್ಕೆ, 323.85ಕ್ಕೆ ಬರುತ್ತದೆ. ಇದನ್ನು ಯಂತ್ರ ತಪ್ಪುವುದು ಅಪರೂಪ. ಆದ್ದರಿಂದ ಇವತ್ತು ಅಗ್ಗದ ನೆಕ್ಕಿಗೂ ದುಬಾರಿ ನೆಕ್ಕಿಗೂ ಇರುವ ಅಂತರ ಯಂತ್ರ ಮುಗಿಸಿದ ಮೇಲಿನ ಕೆಲಸದಲ್ಲಿದೆ.

ಅಂದರೆ ಮುಖ್ಯವಾಗಿ ಫ್ರೆಟ್ ಕೆಲಸ. ಸೀಳಿಗೆ ಫ್ರೆಟ್ ಬಡಿದಮೇಲೆ ಎಲ್ಲದರ ನೆತ್ತಿಯೂ ಒಂದೇ ಮಟ್ಟಕ್ಕೆ ಬರಬೇಕು, ನೆತ್ತಿ ಮತ್ತೆ ದುಂಡಗಾಗಬೇಕು, ತುದಿಗಳು ಅಂಗೈಯನ್ನು ಗೀರಬಾರದು. ಹೆಸರಾಂತ ಬಿಡಿ ನೆಕ್ಕುಗಳಲ್ಲೂ ಈ ಮಟ್ಟ ಮಾಡುವ ಕೆಲಸವನ್ನು ಹಲವು ಸಲ ಕೊಂಡವರಿಗೇ ಬಿಟ್ಟಿರುತ್ತಾರೆ, ಏಕೆಂದರೆ ತಂತಿ ಬಿಗಿದು ಬಾಡಿಗೆ ಕೂರಿಸಿದಮೇಲೆ ನೆಕ್ ಹೇಗೆ ನಿಲ್ಲುತ್ತದೆಂಬುದು ಅಲ್ಲಿಯವರೆಗೆ ಗೊತ್ತಾಗುವುದಿಲ್ಲ. ಪರೀಕ್ಷೆಗೆ ದೊಡ್ಡ ಉಪಕರಣವೇನೂ ಬೇಡ. ಮೂರು ಫ್ರೆಟ್ಟುಗಳ ಮೇಲೆ ಕೂರುವ ನೇರ ಅಂಚಿನ ಲೋಹದ ತುಂಡನ್ನು ಇಟ್ಟು ನೋಡಿ. ಅದು ತಕ್ಕಡಿಯಂತೆ ಓಲಾಡಿದರೆ ನಡುವಿನ ಫ್ರೆಟ್ ಎದ್ದಿದೆ. ನೆಕ್ಕಿನೊಳಗಿದ್ದು ಅದರ ಬಾಗು ತಿದ್ದುವ ಟ್ರಸ್ ರಾಡ್ ಎಂಬ ಕಂಬಿಯ ನಟ್ಟನ್ನು ಮೆಲ್ಲಗೆ ತಿರುಗಿಸಿದರೆ ನೆಕ್ ಅದಕ್ಕೆ ಬಗ್ಗಬೇಕು. ಹೊಸ ನೆಕ್ಕಿನಲ್ಲೇ ಅದು ಕೊನೆಯ ಸುತ್ತಿಗೆ ಬಂದು ನಿಂತಿದ್ದರೆ ಮರ ಎಷ್ಟೇ ಚಂದವಿರಲಿ, ವಾಪಸು ಕಳಿಸಿ.

ಮರದ ಎಳೆಯನ್ನೂ ನೋಡಬೇಕು, ಆದರೆ ಜಾಹೀರಾತು ಹೇಳುವಂತಲ್ಲ. ಎಳೆಗಳು ನೆಟ್ಟಗೆ ನಿಲ್ಲುವಂತೆ ಸೀಳಿದ ಮೇಪಲ್‌ಗೆ ಹೆಚ್ಚು ಬೆಲೆ ಕಟ್ಟುತ್ತಾರೆ. ಲಕ್ಷಗಟ್ಟಲೆಗೆ ಮಾರುವ 1950ರ ದಶಕದ ಫೆಂಡರ್‌ಗಳ ನೆಕ್ಕುಗಳೋ ಬಹುಪಾಲು ಅಡ್ಡಸೀಳಿನವು. ನಿಜವಾಗಿ ಗಮನಿಸಬೇಕಾದದ್ದು ಎಳೆ ನೆಕ್ಕಿನ ಉದ್ದಕ್ಕೆ ಸಾಗುತ್ತದೆಯೇ, ಇಲ್ಲ ನಡುವೆ ಪಕ್ಕಕ್ಕೆ ಹರಿದುಹೋಗುತ್ತದೆಯೇ ಎಂಬುದನ್ನು.

ಬಾಡಿಯಲ್ಲಿ ನೋಡಬೇಕಾದದ್ದು ಕಡಿಮೆ. ಸ್ಕ್ರೂ ಇಲ್ಲದೆಯೇ ನೆಕ್ ಹಿಡಿದು ಎತ್ತಿದರೆ ಬಾಡಿಯೂ ಮೇಲೇಳುವಷ್ಟು ಪಾಕೆಟ್ ಬಿಗಿಯಿದೆ ಎಂದು ಕೆಲವರು ಮೆರೆಸುತ್ತಾರೆ. ಎಷ್ಟೋ ಸಲ ಅದು ಬಣ್ಣದ ದಪ್ಪದಿಂದ ಬಂದ ಬಿಗಿ. ಒತ್ತಿ ಕೂರಿಸಿದರೆ ಬಣ್ಣವೇ ಸೀಳುತ್ತದೆ. ಪಾಕೆಟ್‌ನ ತಳ ಸಮತಟ್ಟಾಗಿದೆಯೇ, ಪಾಕೆಟ್ಟೂ ಬ್ರಿಜ್ಜಿನ ತೂತುಗಳೂ ಒಂದೇ ನಡುಗೆರೆಯಲ್ಲಿವೆಯೇ ಎಂಬುದೇ ಹೆಚ್ಚಿನದು.

ಇನ್ನು ಒಳ್ಳೆಯ ಬಾಡಿ ಮತ್ತು ಒಳ್ಳೆಯ ನೆಕ್ ಸೇರಿದರೆ ಒಳ್ಳೆಯ ಗಿಟಾರ್ ಆಗಲೇಬೇಕೆಂದಿಲ್ಲ. ಹಳೆಯ ಮಾದರಿಯ ಸ್ಟ್ರಾಟೋಕಾಸ್ಟರ್ ಬ್ರಿಜ್ಜಿನಲ್ಲಿ ಮೊದಲ ತಂತಿಗೂ ಆರನೆಯದಕ್ಕೂ ನಡುವೆ ಸುಮಾರು 56.4 ಮಿ.ಮೀ., ಹೊಸ ಮಾದರಿಯಲ್ಲಿ ಸುಮಾರು 52.4. ಮೊದಲನೆಯದಕ್ಕೆ ಕೊರೆದ ಬಾಡಿಗೆ ತುದಿ ಕಿರಿದಾಗಿರುವ ನೆಕ್ ಹಾಕಿದರೆ ತಂತಿಗಳು ಅಂಚಿಗೆ ಬಂದು ಕೂರುತ್ತವೆ. ತಂತಿ ಬಿಗಿಯುವ ಟ್ಯೂನರ್‌ನ ತೂತೂ ಹಾಗೆಯೇ: ಹಳೆಯದಕ್ಕೆ 9 ಮಿ.ಮೀ.ಗಿಂತ ಕಡಿಮೆ, ಹೊಸದಕ್ಕೆ 10.

ನೆಕ್ಕಿನ ತುದಿಯಲ್ಲಿ ಟ್ಯೂನರ್‌ಗಳಿರುವ ಹೆಡ್‌ಸ್ಟಾಕ್ ಹಿಂದೆ 'ಫೆಂಡರ್ ಪರವಾನಗಿ ಪಡೆದದ್ದು' ಎಂಬ ಮುದ್ರೆ ಕಂಡು ನೆಮ್ಮದಿಪಡುವವರಿದ್ದಾರೆ. ಹೆಡ್‌ಸ್ಟಾಕ್‌ನ ಆಕಾರ ಕಂಪನಿಯ ಟ್ರೇಡ್‌ಮಾರ್ಕ್. ಆ ಮುದ್ರೆ ಆಕಾರ ಬಳಸಲು ಸಿಕ್ಕ ಅಪ್ಪಣೆಯೇ ಹೊರತು ಫ್ರೆಟ್ ಪರೀಕ್ಷಿಸಿದ ಪ್ರಮಾಣಪತ್ರವಲ್ಲ. ಬಾಡಿಗಳ ಆಕಾರಕ್ಕೂ ಅದೇ ಹಕ್ಕು ಕೇಳಿದಾಗ, ಅದು ಆಗಲೇ ಎಲ್ಲರ ಸ್ವತ್ತಾಗಿದೆ ಎಂದು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 2009ರಲ್ಲಿ ನಿರಾಕರಿಸಿತು. ಹಾಗಾಗಿ ಅಮೆರಿಕದಲ್ಲಿ ಬಾಡಿಯನ್ನು ಯಾರು ಬೇಕಾದರೂ ಮಾಡಬಹುದು, ಮಾಡುತ್ತಲೂ ಇದ್ದಾರೆ.

ಮರದ ಕಥೆಗೆ ನಮ್ಮ ಕಡೆಯ ನಂಟೂ ಇದೆ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1960ರ ದಶಕದ ಮಧ್ಯದಿಂದ ಫೆಂಡರ್ ಫಿಂಗರ್‌ಬೋರ್ಡ್‌ಗಳಿಗೆ, ಅಂದರೆ ನೆಕ್ಕಿನ ಮೇಲೆ ಫ್ರೆಟ್ ಕೂರುವ ಪಟ್ಟಿಗಳಿಗೆ, ಭಾರತದ ರೋಸ್‌ವುಡ್ ಬಂತು. ಮಲೆನಾಡಿನಲ್ಲಿ ನಾವು ಬೀಟೆ ಎನ್ನುವ, ಮೈಸೂರಿನ ಕುಶಲಕರ್ಮಿಗಳು ಕೆತ್ತನೆಗೆ ಬಳಸುವ ಮರವೇ ಅದು. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗೆ ನುಗ್ಗಿದ್ದು ಭಾರತದಿಂದ ಹೋದ ಬೀಟೆ, ಕರಿಮರದ ಫಿಂಗರ್‌ಬೋರ್ಡ್ ಪಟ್ಟಿಗಳ ನೆಪದಲ್ಲಿ. ಮರುವರ್ಷ ಗಿಬ್ಸನ್ 3 ಲಕ್ಷ ಡಾಲರ್ ದಂಡಕ್ಕೆ ಒಪ್ಪಿಕೊಂಡದ್ದು ಮಡಗಾಸ್ಕರ್‌ನ ಕರಿಮರದ ಪ್ರಕರಣಕ್ಕೆ. 2017ರ ಜನವರಿ 2ರಿಂದ ರೋಸ್‌ವುಡ್ ಕುಲ ಪೂರ್ತಿ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಬಂತು. ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕುವ ಹೊತ್ತಿಗೆ ಎಷ್ಟೋ ತಯಾರಕರು ಪಾವ್ ಫೆರೊ ಮುಂತಾದ ಮರಗಳ ಕಡೆ ಹೊರಳಿದ್ದರು. ಆ್ಯಶ್ ಮರಕ್ಕೂ ಅದರ ಕಾಂಡ ಕೊರೆಯುವ ಹುಳುವಿನ ಕಾಟ ಬಂದು, 2020ರಲ್ಲಿ ಫೆಂಡರ್ ತನ್ನ ಬಹುತೇಕ ಮಾಮೂಲಿ ಮಾದರಿಗಳಲ್ಲಿ ಅದನ್ನು ಕೈಬಿಟ್ಟಿತು. ಎಡ್ಡಿಯ ಕಾಲದಲ್ಲಿ ಗಂಟಿತ್ತೆಂದು ಪಕ್ಕಕ್ಕಿಟ್ಟ ಮರ ಇದೇ.

ಹುರಿದ ಮೇಪಲ್ ನೆಕ್ಕುಗಳು ಈಗ ಎಲ್ಲೆಡೆ ಕಾಣುತ್ತಿರುವುದಕ್ಕೆ ಬಣ್ಣದ ಮೋಹವೊಂದೇ ಕಾರಣವಲ್ಲ. ಆಮ್ಲಜನಕ ಇಲ್ಲದ ಒಲೆಯಲ್ಲಿ ಕಾಯಿಸಿದ ಮರ ಆಮೇಲೆ ತೇವವನ್ನು ಕಡಿಮೆ ಹೀರುತ್ತದೆ. ನಮ್ಮಲ್ಲಿ ಇದಕ್ಕೆ ಅರ್ಥವಿದೆ. ಅಮೆರಿಕದ ಕಾರ್ಖಾನೆಗಳು ಮರವನ್ನು ಸುಮಾರು ಶೇ 6ರಿಂದ 8ರ ತೇವಾಂಶಕ್ಕೆ ಒಣಗಿಸಿ ಕೊರೆಯುತ್ತವೆ. ಆ ನೆಕ್ ಮಳೆಗಾಲದಲ್ಲಿ ಮನೆಬಾಗಿಲೇ ಉಬ್ಬಿಕೊಳ್ಳುವ ಮಂಗಳೂರಿಗೆ ಬಂದರೆ ತೇವ ಕುಡಿದು ಬಾಗು ಬದಲಿಸುತ್ತದೆ. ಮಾರ್ಚ್ ತಿಂಗಳ ಬೆಂಗಳೂರಿನ ಒಣಹವೆಯಲ್ಲಿ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಇಣುಕುತ್ತವೆ. ಪಾಲಿಶ್ ಹಾಕದೆ ಬರಿಮರವಾಗಿ ಬಂದ ನೆಕ್ಕಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಪಾರ್ಸಲ್ ಬಿಚ್ಚಿದ ದಿನವೇ ಫ್ರೆಟ್ ಮಟ್ಟ ಮಾಡಿಸಲು ಒಯ್ಯದೆ, ಸ್ವಲ್ಪ ದಿನ ತಂತಿ ಬಿಗಿದು ಮನೆಯ ಹವೆಯಲ್ಲೇ ಇಟ್ಟು, ಟ್ರಸ್ ರಾಡ್ ಒಂದು ಸಲ ಸರಿಮಾಡಿಕೊಂಡು ಆಮೇಲೆ ಅರ ಹಾಕಿಸುವುದು ಮೇಲು.