ಟೈಟಾನಿಯಂ ಗ್ರಾವೆಲ್ ಸೈಕಲ್ ಮಾಡಿಸುವವರು ಮೊದಲು ತೀರ್ಮಾನಿಸಬೇಕಾದ್ದು ಏನು?

ಪ್ರಶ್ನೆ: ಅಳತೆ ಕೊಟ್ಟು ಟೈಟಾನಿಯಂ ಗ್ರಾವೆಲ್ (ಜಲ್ಲಿ, ಮಣ್ಣುದಾರಿಗೂ ಆಗುವ) ಫ್ರೇಮ್ ಮಾಡಿಸಬೇಕೆಂದಿದ್ದೇನೆ. ವಾರದ ದಿನಗಳಲ್ಲಿ ಡಾಂಬರು ರಸ್ತೆ, ರಜೆ ಸಿಕ್ಕಾಗ ಚೀಲ ಕಟ್ಟಿಕೊಂಡು ಘಟ್ಟದ ಮಣ್ಣುದಾರಿ. ಎರಡಕ್ಕೂ ಒಂದೇ ಸೈಕಲ್ ಸಾಕಾಗಬೇಕು. ಫ್ರೇಮ್ ಕಟ್ಟುವವರಿಗೆ ಏನೇನು ಹೇಳಬೇಕು? ಯಾವುದನ್ನು ಆಮೇಲೆ ನೋಡಿಕೊಳ್ಳಬಹುದು?

ಉತ್ತರ: ಟೈರಿನಿಂದ ಶುರು ಮಾಡಿ. ಗೇರು, ಹ್ಯಾಂಡಲ್, ಸೀಟು, ಚಕ್ರ ಇವೆಲ್ಲವನ್ನೂ ಯಾವಾಗ ಬೇಕಾದರೂ ಬದಲಾಯಿಸಬಹುದು. ಹಿಂದಿನ ಚಕ್ರಕ್ಕೆ ಬಿಟ್ಟ ಜಾಗ, ಬಾಟಮ್ ಬ್ರಾಕೆಟ್ಟಿನ (ಪೆಡಲುಗಳ ಅಚ್ಚು ತಿರುಗುವ ಬೇರಿಂಗಿನ ಜಾಗ) ಎತ್ತರ, ಹೆಡ್‌ಟ್ಯೂಬಿನ (ಫೋರ್ಕಿನ ಕಾಂಡ ಹಾದುಹೋಗುವ ಮುಂದಿನ ಕೊಳವೆ) ಕೋನ, ಬೆಸುಗೆ ಹಾಕಿ ಕೂರಿಸಿದ ಬೋಲ್ಟು ನೆಲೆಗಳು ಹಾಗಲ್ಲ. ಒಮ್ಮೆ ಬೆಸೆದ ಮೇಲೆ ಫ್ರೇಮ್ ಇರುವಷ್ಟು ಕಾಲ ಅವು ಹಾಗೇ ಇರುತ್ತವೆ, ಟೈಟಾನಿಯಂ ಫ್ರೇಮ್ ಬಹಳ ಕಾಲ ಇರುತ್ತದೆ. ನಿಮ್ಮ ಯೋಚನೆಯ ಮುಕ್ಕಾಲು ಭಾಗವನ್ನು ಈ ನಾಲ್ಕಕ್ಕೇ ಮೀಸಲಿಡಿ.

ಬಾಟಮ್ ಬ್ರಾಕೆಟ್ಟಿನ ಹಿಂದಿನ ಒಂದು ಗೇಣು ಜಾಗ

ಇಂಥ ಸೈಕಲ್ಲಿಗೆ 700ಸಿ ಎಂಬ ದೊಡ್ಡ ಅಳತೆಯ ಚಕ್ರದಲ್ಲಿ 50 ಮಿ.ಮೀ. ಟೈರು, 650ಬಿ ಎಂಬ ಸಣ್ಣ ಚಕ್ರದಲ್ಲಿ 2.1 ಇಂಚಿನ, ಅಂದರೆ ಸುಮಾರು 53 ಮಿ.ಮೀ. ಟೈರು ಹಿಡಿಯಬೇಕು. ಎರಡೂ ಬದಿಗೆ 6 ಮಿ.ಮೀ. ಬಿಟ್ಟರೆ 50ರ ಟೈರಿಗೆ 62 ಮಿ.ಮೀ. ಅಗಲದ ಜಾಗ ಬೇಕು. ಹಿಂಭಾಗದಲ್ಲಿ ಸೀಟ್‌ಸ್ಟೇಗಳ (ಸೀಟಿನ ಕೆಳಗಿನಿಂದ ಹಿಂದಿನ ಅಚ್ಚಿಗೆ ಇಳಿಯುವ ಜೋಡಿ ಕೊಳವೆ) ನಡುವೆ ಇದು ಸುಲಭವಾಗಿ ಸಿಗುತ್ತದೆ. ಪೇಚಾಟವೆಲ್ಲ ಬಾಟಮ್ ಬ್ರಾಕೆಟ್ಟಿನ ಹಿಂದೆಯೇ. ಅಲ್ಲಿ ಟೈರು, ಬಾಟಮ್ ಬ್ರಾಕೆಟ್ಟಿನಿಂದ ಹಿಂದಿನ ಅಚ್ಚಿಗೆ ಹೋಗುವ ಚೈನ್‌ಸ್ಟೇ ಕೊಳವೆ, ಚೈನ್‌ರಿಂಗು (ಪೆಡಲಿನ ಬಳಿಯ ಹಲ್ಲುಗಾಲಿ), ಕ್ರ್ಯಾಂಕು (ಪೆಡಲಿನ ತೋಳು) ನಾಲ್ಕೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ.

ಲೆಕ್ಕ ಹಾಕಿ ನೋಡಿ. 700ಸಿ ರಿಮ್ಮಿನ ವ್ಯಾಸ 622 ಮಿ.ಮೀ. 50ರ ಟೈರು ಸೇರಿದರೆ 722, ಅಂದರೆ ತ್ರಿಜ್ಯ 361. ಟೈರು ಅತಿ ಅಗಲವಾಗಿರುವುದು ಅದರ ಅಂಚಿನಿಂದ ಸುಮಾರು 25 ಮಿ.ಮೀ. ಒಳಗೆ. ಚೈನ್‌ಸ್ಟೇ ಉದ್ದ 430 ಆದರೆ ಆ ಅಗಲದ ಜಾಗ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ 94 ಮಿ.ಮೀ. ದೂರದಲ್ಲಿ ಬೀಳುತ್ತದೆ. 46 ಹಲ್ಲಿನ ಚೈನ್‌ರಿಂಗಿನ ಹಲ್ಲುತುದಿ ಬರುವುದು ಸುಮಾರು 96 ಮಿ.ಮೀ. ದೂರಕ್ಕೆ. ಟೈರಿನ ಹೊಟ್ಟೆ ಮತ್ತು ರಿಂಗಿನ ಅಂಚು ಎದುರುಬದುರಾಗಿ, ನಡುವೆ 22 ಮಿ.ಮೀ. ಕೊಳವೆ ತೂರಿಸಲು ಜಾಗವೇ ಇಲ್ಲದ ಸ್ಥಿತಿ. ಚೈನ್‌ಸ್ಟೇ 435 ಮಾಡಿ: ಟೈರಿನ ಅಗಲ 99ಕ್ಕೆ ಸರಿದು ರಿಂಗಿನಿಂದ ಹಿಂದಾಗುತ್ತದೆ. ಐದೇ ಮಿಲಿಮೀಟರಿನ ಕೆಲಸ ಇದು. ರಿಂಗು 40 ಹಲ್ಲಿನದಾದರೆ ಅದರ ಅಂಚು 84ರ ಆಸುಪಾಸಿಗೆ ನಿಲ್ಲುತ್ತದೆ, ಉಸಿರಾಡಲು ಇನ್ನಷ್ಟು ಜಾಗ.

650ಬಿ ಚಕ್ರಕ್ಕೆ ಇನ್ನೂ ಅಗಲದ ಟೈರು ಹಿಡಿಯುವುದೂ ಇದೇ ಕಾರಣಕ್ಕೆ. ರಿಮ್ಮಿನ ವ್ಯಾಸ 584 ಮಾತ್ರ. 53ರ ಟೈರು ಹಾಕಿದರೂ ಅದರ ಅಗಲದ ಜಾಗ ಬಾಟಮ್ ಬ್ರಾಕೆಟ್ಟಿನಿಂದ ಸುಮಾರು 116 ಮಿ.ಮೀ. ಹಿಂದಿರುತ್ತದೆ.

ಹಾಗಾಗಿ ನಮ್ಮ ಸಲಹೆ: ಚೈನ್‌ಸ್ಟೇ 435 ಮಿ.ಮೀ., ಚೈನಿನ ಕಡೆ ಬಾಟಮ್ ಬ್ರಾಕೆಟ್ಟಿಗೆ ಅಂಟಿದಂತೆ ಗ್ರೇಡ್ 5 ಟೈಟಾನಿಯಂ ಗಟ್ಟಿಯಲ್ಲಿ ಕಡೆದ ಗಿಡ್ಡ ಯೋಕ್ (ಬಾಟಮ್ ಬ್ರಾಕೆಟ್ಟಿಗೂ ಚೈನ್‌ಸ್ಟೇಗೂ ನಡುವಿನ ತುಂಡು), ಅದರಾಚೆಗೆ ಕೊಳವೆ. ಕೊಳವೆಯನ್ನೇ ಜಜ್ಜಿ ಚಪ್ಪಟೆ ಮಾಡುವವರೂ ಇದ್ದಾರೆ. ಟೈಟಾನಿಯಂ ಬಗ್ಗಿಸಿದಷ್ಟೂ ವಾಪಸ್ಸು ಜಿಗಿಯುವ ಲೋಹ. ಸಣ್ಣ ತ್ರಿಜ್ಯದಲ್ಲಿ ಒತ್ತಿ ಮಡಿಸಿದರೆ ಆ ಮಡಿಕೆಯೇ ಮುಂದೆ ಬಿರುಕಿನ ಮೂಲವಾಗಬಹುದು. ಸೈಕಲ್ ಚುರುಕಾಗಿರಲಿ ಎಂದು 420ರ ಚೈನ್‌ಸ್ಟೇ ಕೇಳಬೇಡಿ. ಚೀಲ ಕಟ್ಟುವ ಸೈಕಲ್ಲಿಗೆ ಅದರಿಂದ ಲಾಭವಿಲ್ಲ, ಪ್ಯಾನಿಯರ್ (ಹಿಂದಿನ ಚಕ್ರದ ಬದಿಗೆ ತೂಗುವ ಚೀಲ) ಹಾಕಿದರೆ ಹಿಮ್ಮಡಿಯೂ ತಾಗುತ್ತದೆ.

ಇನ್ನು ಕೆಸರು. ಗ್ರಾವೆಲ್ ಸ್ಪರ್ಧೆಗಳಿಗೆ ಹೆಸರಾದ ಅಮೆರಿಕದ ಕಾನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್‌ನಲ್ಲಿ ಚಕಮಕಿ ಕಲ್ಲು ಟೈರು ಸೀಳುವಷ್ಟೇ ಕಾಟವನ್ನು ಮಳೆ ಬಿದ್ದಾಗ ಅಂಟುಮಣ್ಣು ಕೊಡುತ್ತದೆ. ಅಲ್ಲಿನ ಎಂಪೋರಿಯಾದಲ್ಲಿ ನಡೆಯುವ ಅನ್‌ಬೌಂಡ್ ಸ್ಪರ್ಧೆಯ 2023ರ ಆವೃತ್ತಿಯಲ್ಲಿ ಶುರುವಿನಲ್ಲೇ ಸಿಕ್ಕ ಕೆಸರಿಗೆ ಎಷ್ಟೋ ಜನರ ಚಕ್ರ ಕಚ್ಚಿಕೊಂಡಿತು, ಗೇರು ಬದಲಿಸುವ ಡೀರೇಲರ್ ಮುರಿಯಿತು. ಮಲೆನಾಡಿನ ಜೇಡಿ ಮಣ್ಣೂ ಕಡಿಮೆಯದಲ್ಲ. ಚೈನ್‌ಸ್ಟೇಗಳ ನಡುವೆ ಅಡ್ಡಪಟ್ಟಿ ಇದ್ದರೆ ಕೆಸರು ಅದರ ಮೇಲೆ ಕೂತು ಗಟ್ಟಿಯಾಗುತ್ತದೆ, ಜೊತೆಗೆ ಆ ಪಟ್ಟಿಯ ಬೆಸುಗೆ ಬಿರುಕು ಬಿಡುವ ಹಳೆಯ ಜಾಗವೂ ಹೌದು. ಬೇಡವೆಂದೇ ಹೇಳಿ. ಮಡ್‌ಗಾರ್ಡ್ ಬೇಕಿದ್ದರೆ ಬಾಟಮ್ ಬ್ರಾಕೆಟ್ಟಿನ ಹಿಂಬದಿಗೆ ಒಂದು ಎಂ5 (5 ಮಿ.ಮೀ.) ಬೋಲ್ಟಿನ ನೆಲೆ ಸಾಕು.

ಎರಡು ಚಕ್ರ, ಒಂದೇ ಜ್ಯಾಮಿತಿ

ಚಕ್ರ ಬದಲಾಯಿಸಿದರೆ ಸೈಕಲ್ಲಿನ ಎತ್ತರವೂ ಬದಲಾಗುತ್ತದೆ. ಬಾಟಮ್ ಬ್ರಾಕೆಟ್ ಡ್ರಾಪ್ (ಚಕ್ರದ ಅಚ್ಚಿಗಿಂತ ಅದು ಎಷ್ಟು ಕೆಳಗಿದೆ ಎಂಬ ಅಳತೆ) 72 ಮಿ.ಮೀ. ಎಂದಿಟ್ಟುಕೊಳ್ಳಿ. 700×45 ಹಾಕಿದರೆ ಅದು ನೆಲದಿಂದ 284 ಮಿ.ಮೀ. ಎತ್ತರದಲ್ಲಿರುತ್ತದೆ, 650×53ಕ್ಕೆ 273, ಡಾಂಬರಿಗೆಂದು 700×32 ಹಾಕಿದರೆ 271. ಅಂದರೆ 13 ಮಿ.ಮೀ. ವ್ಯತ್ಯಾಸ. 170ರ ಕ್ರ್ಯಾಂಕಿನಲ್ಲಿ ಪೆಡಲಿನ ಅಚ್ಚು ಕೆಳಗೆ ಬಂದಾಗಲೂ ನೆಲಕ್ಕೆ 100 ಮಿ.ಮೀ. ಉಳಿಯುತ್ತದೆ, ತೊಂದರೆಯಿಲ್ಲ. ಡ್ರಾಪ್ 80 ಮಾಡಿದರೆ ಸಣ್ಣ ಚಕ್ರದಲ್ಲಿ ಕಲ್ಲಿಗೆ ಪೆಡಲು ಬಡಿಯುತ್ತದೆ. 65 ಮಾಡಿದರೆ ದೊಡ್ಡ ಚಕ್ರದಲ್ಲಿ, ಭಾರ ಹೊತ್ತಾಗ, ಸೈಕಲ್ ಮೇಲೆ ತೀರಾ ಎತ್ತರದಲ್ಲಿ ಕೂತ ಹಾಗಾಗುತ್ತದೆ. 70ರಿಂದ 74ರೊಳಗೆ ಇರಲಿ.

ಹ್ಯಾಂಡಲಿನ ನಡವಳಿಕೆಯನ್ನು ನಿರ್ಧರಿಸುವುದು ಟ್ರೇಲ್, ಅಂದರೆ ಹೆಡ್‌ಟ್ಯೂಬಿನ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಮುಂದಿನ ಟೈರು ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಎಂಬ ಅಳತೆ. ಹೆಡ್‌ಟ್ಯೂಬ್ ಕೋನ 71 ಡಿಗ್ರಿ, ಫೋರ್ಕಿನ ಆಫ್‌ಸೆಟ್ (ಅದೇ ಗೆರೆಗಿಂತ ಅಚ್ಚು ಎಷ್ಟು ಮುಂದಿದೆ ಎಂಬುದು) 50 ಮಿ.ಮೀ. ಆದರೆ 700×45ರಲ್ಲಿ ಟ್ರೇಲ್ ಸುಮಾರು 70 ಮಿ.ಮೀ., 650×53ರಲ್ಲಿ 66. ಎರಡೂ ಮಣ್ಣುದಾರಿಯ ಇಳಿಜಾರಿಗೆ ಸ್ಥಿರ, ಡಾಂಬರಿನಲ್ಲಿ ಮಂದವಲ್ಲ. ಎತ್ತರ ಸುಮಾರು 160 ಸೆಂ.ಮೀ.ಗಿಂತ ಕಡಿಮೆ ಇರುವವರಿಗೆ 700ಸಿ ಚಕ್ರ ಹಾಕಿದರೆ ತಿರುವಿನಲ್ಲಿ ಕಾಲ್ಬೆರಳು ಟೈರಿಗೆ ತಾಗುವ ಸಾಧ್ಯತೆ ಹೆಚ್ಚು. ಅಂಥವರು ಇಡೀ ಫ್ರೇಮನ್ನು 650ಬಿಗೆಂದೇ ಬರೆಸುವುದು ಒಳ್ಳೆಯದು.

ಮುಂದೆ ಸಸ್ಪೆನ್ಶನ್ ಫೋರ್ಕ್ ಹಾಕುವ ಆಸೆ ಇದ್ದರೆ ಈಗಲೇ ಹೇಳಿ. ಕಾರ್ಬನ್ ಫೋರ್ಕಿನ ಅಚ್ಚಿನಿಂದ ಕಿರೀಟದವರೆಗಿನ (ಎರಡು ಕಾಲೂ ಸೇರುವ ಮೇಲ್ಭಾಗ) ಉದ್ದ ಸಾಮಾನ್ಯವಾಗಿ 395 ಮಿ.ಮೀ. ಸುತ್ತ. ಗ್ರಾವೆಲ್ ಸಸ್ಪೆನ್ಶನ್ ಫೋರ್ಕ್ ಅದಕ್ಕಿಂತ 30 ಮಿ.ಮೀ.ನಷ್ಟು ಉದ್ದವಿದ್ದರೆ ಹೆಡ್ ಕೋನವೂ ಸೀಟಿನ ಕೋನವೂ ಒಂದೂವರೆ ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ವಾಲುತ್ತವೆ, ಬಾಟಮ್ ಬ್ರಾಕೆಟ್ 12 ಮಿ.ಮೀ. ಮೇಲೇರುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಫೋರ್ಕಿನ ಕಿರೀಟ ಡೌನ್‌ಟ್ಯೂಬಿಗೆ (ಹೆಡ್‌ಟ್ಯೂಬಿನಿಂದ ಬಾಟಮ್ ಬ್ರಾಕೆಟ್ಟಿಗೆ ಇಳಿಯುವ ಕೊಳವೆ) ಬಡಿಯಲೂಬಹುದು. ಆಸೆ ಖಚಿತವಾಗಿದ್ದರೆ ಉದ್ದದ ಫೋರ್ಕಿಗೇ ಜ್ಯಾಮಿತಿ ಬರೆಸಿ, ಸದ್ಯಕ್ಕೆ ಅದೇ ಉದ್ದದ, ಸಸ್ಪೆನ್ಶನ್ ಇಲ್ಲದ ಫೋರ್ಕ್ ಹಾಕಿಕೊಳ್ಳಿ.

ಕೊಳವೆ ಮತ್ತು ಬೆಸುಗೆ

ಫ್ರೇಮಿನ ಕೊಳವೆ ಗ್ರೇಡ್ 9 ಆಗಿರಬೇಕು: ಶೇ. 3 ಅಲ್ಯೂಮಿನಿಯಂ, ಶೇ. 2.5 ವನೇಡಿಯಂ ಬೆರೆತ ಸೀಮ್‌ಲೆಸ್ (ಉದ್ದಕ್ಕೂ ಜೋಡಣೆಯ ಗೆರೆಯಿಲ್ಲದ) ಕೊಳವೆ. ವಿಮಾನಗಳ ಹೈಡ್ರಾಲಿಕ್ ಪೈಪುಗಳಿಗೆ ಬಳಸುವುದೂ ಇದನ್ನೇ. ಗ್ರೇಡ್ 5, ಅಂದರೆ ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಇರುವುದು, ಇನ್ನೂ ಬಲಶಾಲಿ. ಆದರೆ ಅದನ್ನು ಕೊಳವೆಯಾಗಿ ಎಳೆಯುವುದು ಕಷ್ಟ, ಹಾಗಾಗಿ ಡ್ರಾಪ್ಔಟ್ (ಹಿಂದಿನ ಅಚ್ಚು ಕೂರುವ ತುಂಡು), ಯೋಕ್‌ಗಳಂಥ ಕಡೆದ ಭಾಗಗಳಿಗೆ ಸೂಕ್ತ.

ಟೈಟಾನಿಯಂ ಮೃದುವಾಗಿ ಓಡುತ್ತದೆ ಎಂಬ ಮಾತನ್ನು ಅಳೆದು ನೋಡಬೇಕು. ಅದರ ಸಾಂದ್ರತೆ ಉಕ್ಕಿನ ಶೇ. 57ರಷ್ಟು, ಬಿಗಿತ ಸುಮಾರು ಅರ್ಧ. ಉಕ್ಕಿನ ಫ್ರೇಮಿನ ಅಳತೆಯಲ್ಲೇ ಟೈಟಾನಿಯಂ ಕೊಳವೆ ಹಾಕಿದರೆ ಭಾರ ಹೊತ್ತ ಸೈಕಲ್ ಇಳಿಜಾರಿನಲ್ಲಿ ಬಳುಕುತ್ತದೆ, ಮುಂದೆ ಚೀಲ ಕಟ್ಟಿದ್ದರೆ ಹ್ಯಾಂಡಲ್ ನಡುಗುತ್ತದೆ. ಪರಿಹಾರ ವ್ಯಾಸದಲ್ಲಿದೆ. ಗೋಡೆಯ ದಪ್ಪ ಹಾಗೇ ಇಟ್ಟು ವ್ಯಾಸ ಹೆಚ್ಚಿಸಿದರೆ ಬಿಗಿತ ವ್ಯಾಸದ ಘನದಷ್ಟು ಏರುತ್ತದೆ: ಡೌನ್‌ಟ್ಯೂಬನ್ನು 38.1ರಿಂದ 44.5 ಮಿ.ಮೀ.ಗೆ ಏರಿಸಿದರೆ ತೂಕ ಶೇ. 17 ಹೆಚ್ಚಾದರೂ ಬಿಗಿತ ಶೇ. 59 ಹೆಚ್ಚು. 75 ಕಿಲೋ ಸವಾರ, 12–15 ಕಿಲೋ ಸಾಮಾನಿಗೆ 44.5ರ ಡೌನ್‌ಟ್ಯೂಬ್, 34.9ರ ಟಾಪ್‌ಟ್ಯೂಬ್ (ಮೇಲಿನ ಅಡ್ಡ ಕೊಳವೆ), ಎರಡಕ್ಕೂ 0.9 ಮಿ.ಮೀ. ಗೋಡೆ ಒಳ್ಳೆಯ ಶುರು. ನೂರು ಗ್ರಾಂ ಉಳಿಸಲು ಗೋಡೆ ತೆಳು ಮಾಡಿಸಬೇಡಿ. ರಸ್ತೆಯ ಕಂಪನವನ್ನು ನುಂಗುವ ಕೆಲಸದಲ್ಲಿ ದೊಡ್ಡ ಪಾಲು ಟೈರಿನದು, ನಂತರ 27.2 ಮಿ.ಮೀ. ಸೀಟ್‌ಪೋಸ್ಟಿನದು, ಫ್ರೇಮಿನ ಪಾಲು ಸಣ್ಣದು.

ಬೆಸುಗೆಯ ಗುಟ್ಟೆಲ್ಲ ಗಾಳಿಯನ್ನು ದೂರ ಇಡುವುದರಲ್ಲಿದೆ. ಬಿಸಿಯಾದ ಟೈಟಾನಿಯಂ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಗಡುಸಾಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಓಡಿದ ನಂತರ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಅದಕ್ಕೇ ಟಿಗ್ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಮಾಡುವ) ಬೆಸುಗೆ ಹಾಕುವಾಗ ಹೊರಗಿನಿಂದ ಮಾತ್ರವಲ್ಲ, ಕೊಳವೆಯ ಒಳಗೂ ಆರ್ಗಾನ್ ಅನಿಲ ಹರಿಸಬೇಕು. ಬೆಸುಗೆಯ ಬಣ್ಣ ನೋಡಿದರೆ ತಿಳಿಯುತ್ತದೆ: ಬೆಳ್ಳಿಯ ಹೊಳಪು ಅಥವಾ ತಿಳಿ ಹುಲ್ಲುಬಣ್ಣ ಸರಿ, ನೀಲಿ ಅನುಮಾನ, ಬೂದು, ಬಿಳಿಪುಡಿ ಕಂಡರೆ ಫ್ರೇಮ್ ಒಪ್ಪಿಕೊಳ್ಳಬೇಡಿ. ಹೊರಗಿನ ಬಣ್ಣವನ್ನು ಉಜ್ಜಿ ತೆಗೆಯಬಹುದು. ಆದ್ದರಿಂದ ಬಾಟಮ್ ಬ್ರಾಕೆಟ್ ಶೆಲ್ಲಿನ ಮತ್ತು ಹೆಡ್‌ಟ್ಯೂಬಿನ ಒಳಗಿನ ಫೋಟೊ ಕೇಳಿ ತರಿಸಿಕೊಳ್ಳಿ. ದೂರದ ಊರಿನಲ್ಲಿ ಬಿರುಕು ಬಿಟ್ಟ ಟೈಟಾನಿಯಂ ಫ್ರೇಮನ್ನು ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಸರಿಮಾಡಿಸಲಾಗದು, ಉಕ್ಕಿಗೆ ಇರುವ ಆ ಅನುಕೂಲ ಇದಕ್ಕಿಲ್ಲ.

ಇದೇ ಕಾರಣಕ್ಕೆ ಬೋಲ್ಟು ನೆಲೆಗಳ ವಿಷಯದಲ್ಲಿ ಜಿಪುಣರಾಗಿ. ಪ್ರತಿ ತೂತೂ ಒತ್ತಡ ಸೇರುವ ಜಾಗ. ತ್ರಿಕೋನದೊಳಗೆ ಎರಡು ಬಾಟಲಿ, ಡೌನ್‌ಟ್ಯೂಬಿನ ಕೆಳಗೆ ಬಾಟಮ್ ಬ್ರಾಕೆಟ್ಟಿನ ಹತ್ತಿರ ಒಂದು, ಟಾಪ್‌ಟ್ಯೂಬಿನ ಮೇಲೆ ಸಣ್ಣ ಚೀಲಕ್ಕೆ ಎರಡು ಬೋಲ್ಟು, ಹಿಂದೆ ರ‍್ಯಾಕಿಗೆ ಎಂ5 ನೆಲೆಗಳು. ಅಷ್ಟೇ. ಡೌನ್‌ಟ್ಯೂಬಿನಲ್ಲಿ ಹೆಡ್‌ಟ್ಯೂಬ್ ಬೆಸುಗೆಯ ಸಮೀಪ ಯಾವ ತೂತೂ ಬೇಡ, ಕೇಬಲ್ಲಿನದ್ದೂ ಬೇಡ. ರಿವೆಟ್‌ನಟ್ (ತೂತಿಗೆ ತೂರಿಸಿ ಒತ್ತಿ ಕೂರಿಸುವ ನಟ್ಟು) ಕಾಲಕ್ರಮೇಣ ಸಡಿಲವಾಗಿ ಬೋಲ್ಟಿನ ಜೊತೆ ತಾನೂ ಸುತ್ತುತ್ತದೆ. ಬೆಸೆದ ನೆಲೆಗಳನ್ನೇ ಕೇಳಿ. ಬ್ರೇಕ್ ಹೋಸು ಮತ್ತು ಗೇರ್ ಕೇಬಲ್ ಡೌನ್‌ಟ್ಯೂಬಿನ ಹೊರಗೇ ಹಾದುಹೋಗಲಿ. ವಿಮಾನಕ್ಕೆ ಸೈಕಲ್ ಬಿಚ್ಚಿ ಕಟ್ಟುವವರಿಗೆ ಇದರ ಬೆಲೆ ಗೊತ್ತು. ಫೋರ್ಕಿನ ಎರಡೂ ಕಾಲಿಗೆ ಮೂರು ಬೋಲ್ಟಿನ ನೆಲೆ ಇದ್ದರೆ ಒಳ್ಳೆಯದು, ಕಾಲಿಗೆ ಎಷ್ಟು ಕಿಲೋ ಎಂದು ಫೋರ್ಕ್ ತಯಾರಕರು ಬರೆದ ಮಿತಿ ಮೀರಬೇಡಿ.

ಎಲ್ಲಿಯೂ ಸಿಗುವ ಬಿಡಿಭಾಗ

ಬಾಟಮ್ ಬ್ರಾಕೆಟ್ ತಿರುಪಿನದೇ ಆಗಿರಲಿ: 68 ಮಿ.ಮೀ. ಅಗಲದ, ಬಿಎಸ್‌ಎ ಎಂಬ ತಿರುಪಿನ ಅಳತೆ. 30 ಮಿ.ಮೀ. ಅಚ್ಚಿನ ಕ್ರ್ಯಾಂಕ್ ಬೇಕೇಬೇಕು ಎನ್ನುವವರಿಗೆ ಟಿ47 ಎಂಬ ದೊಡ್ಡ ತಿರುಪಿನ ಅಳತೆ. ಒತ್ತಿ ಕೂರಿಸುವ ಬೇರಿಂಗಿನ ಶೆಲ್ ಬೆಸುಗೆಯ ಬಿಸಿಗೆ ಕೂದಲೆಳೆಯಷ್ಟು ಅಂಡಾಕಾರವಾದರೂ ಕಿರಿಕಿರಿ ಶಬ್ದ ನಿಲ್ಲುವುದಿಲ್ಲ. ಹೆಡ್‌ಟ್ಯೂಬ್ 44 ಮಿ.ಮೀ. ನೇರ ಕೊಳವೆ, ಕೆಳಗೆ ಹೊರಬೇರಿಂಗ್ ಕಪ್ ಹಾಕಿದರೆ ಟೇಪರ್ಡ್ (ಕಾಂಡ ಕೆಳಗೆ ದಪ್ಪವಾಗುವ) ಫೋರ್ಕ್ ಕೂರುತ್ತದೆ. ಹಿಂದೆ 12×142, ಮುಂದೆ 12×100 ಅಚ್ಚು (ಮಿ.ಮೀ.ಯಲ್ಲಿ ಅಚ್ಚಿನ ದಪ್ಪ, ಚಕ್ರದ ಹಬ್ಬಿನ ಅಗಲ), ಬದಲಾಯಿಸಬಹುದಾದ ಯುಡಿಎಚ್ ಹ್ಯಾಂಗರ್ (ಡೀರೇಲರ್ ತೂಗುಹಾಕುವ, ಹಲವು ಫ್ರೇಮುಗಳಿಗೆ ಹೊಂದುವ ತುಂಡು). ಆ ಹ್ಯಾಂಗರನ್ನು ಒಂದು ಹೆಚ್ಚು ತೆಗೆದುಕೊಂಡು ಫ್ರೇಮ್ ಚೀಲದಲ್ಲಿ ಇಟ್ಟಿರಿ.

ಗೇರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಆಮೇಲೂ ಬದಲಾಗುತ್ತದೆ. 40 ಹಲ್ಲಿನ ರಿಂಗಿಗೆ 44ರ ಸ್ಪ್ರಾಕೆಟ್ (ಹಿಂದಿನ ಹಲ್ಲುಗಾಲಿ) ಸೇರಿದರೆ ಅನುಪಾತ 0.91, 51ಕ್ಕೆ 0.78. ಸಾಮಾನು ಹೊತ್ತು ಆಗುಂಬೆ, ಚಾರ್ಮಾಡಿ ಹತ್ತುವವರು 0.8ಕ್ಕಿಂತ ಕೆಳಗಿರಲಿ.

ಜೋಡಿಸುವಾಗ ಮರೆಯಬಾರದ್ದು ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿಸೀಜ್ ಪೇಸ್ಟ್. ಟೈಟಾನಿಯಂ ತಿರುಪು ಒಣಗಿದ್ದರೆ ಲೋಹ ಲೋಹಕ್ಕೆ ಕಚ್ಚುತ್ತದೆ. ಟೈಟಾನಿಯಂ ತುಕ್ಕು ಹಿಡಿಯದಿದ್ದರೂ ಅದಕ್ಕೆ ತಾಗಿದ ಅಲ್ಯೂಮಿನಿಯಂ ಸವೆಯುತ್ತದೆ, ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಅಲ್ಯೂಮಿನಿಯಂ ಸೀಟ್‌ಪೋಸ್ಟಿಗೆ ಪೇಸ್ಟ್ ಹಚ್ಚಿ, ಎರಡು ಮೂರು ತಿಂಗಳಿಗೊಮ್ಮೆ ಹೊರತೆಗೆದು ಒರೆಸಿ ಮತ್ತೆ ಹಚ್ಚಿ. ಕಾರ್ಬನ್ ಪೋಸ್ಟಾದರೆ ಗ್ರೀಸ್ ಬೇಡ, ಕಾರ್ಬನ್ ಪೇಸ್ಟ್ ಸಾಕು. ಬಾಟಮ್ ಬ್ರಾಕೆಟ್ ಕಪ್ಪುಗಳ ತಿರುಪಿನ ತುಂಬ ಆ್ಯಂಟಿಸೀಜ್ ಹಚ್ಚಿ, 35ರಿಂದ 50 ನ್ಯೂಟನ್ ಮೀಟರ್ ಬಿಗಿ.

ಫ್ರೇಮ್ ಕೈಗೆ ಬಂದಾಗ ಬೇರೆ ಯಾವ ಭಾಗವನ್ನೂ ಜೋಡಿಸುವ ಮೊದಲು ಹಿಂದಿನ ಚಕ್ರ ಹಾಕಿ. ಟೈರಿನಿಂದ ಎರಡೂ ಚೈನ್‌ಸ್ಟೇಗಿರುವ ಅಂತರವನ್ನು ಅಳೆಯಿರಿ. ಒಂದು ಕಡೆಗೆ ವಾಲಿದ್ದರೆ ಬೇರೆ ಚಕ್ರ ಹಾಕಿ ನೋಡಿ. ಅದೂ ಅದೇ ಕಡೆಗೆ ಅಷ್ಟೇ ವಾಲಿದರೆ ದೋಷ ಫ್ರೇಮಿನದು. 1 ಮಿ.ಮೀ. ಒಳಗಿದ್ದರೆ ಓಡಿಸಬಹುದು. 3 ಮಿ.ಮೀ. ಇದ್ದರೆ ಚಕ್ರದ ಕಡ್ಡಿ ಎಳೆದು ಸರಿಹೊಂದಿಸಲು ಹೋಗಬೇಡಿ, ಅಳತೆಯ ಫೋಟೊ ಸಮೇತ ಫ್ರೇಮನ್ನು ಕಟ್ಟಿದವರಿಗೇ ಹಿಂತಿರುಗಿಸಿ.