‘ಸಂಶೋಧನೆಯಲ್ಲೇ ಬಂದಿದೆ’ ಅಂತಾರಲ್ಲ, ಆ ಸಂಶೋಧನೆ ಎಲ್ಲಿದೆ?

ಓದುಗರ ಪ್ರಶ್ನೆ: ನಮ್ಮದು ಹಾಸನ. ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗಿನಿಂದ ಮನೆಯ ವಾಟ್ಸಾಪ್ ಗ್ರೂಪಿಗೆ ದಿನಾ ಒಂದಲ್ಲ ಒಂದು ರೀಲ್ಸ್ ಬರುತ್ತೆ. ‘ಕೋವಿಡ್ ಲಸಿಕೆಯೇ ಕಾರಣ, ಸಂಶೋಧನೆಯಲ್ಲಿ ಸಾಬೀತಾಗಿದೆ’ ಅಂತ ಒಬ್ಬರು. ‘ಲಸಿಕೆಗೂ ಇದಕ್ಕೂ ಸಂಬಂಧವೇ ಇಲ್ಲ’ ಅಂತ ಇನ್ನೊಬ್ಬರು. ನಾನು ಡಾಕ್ಟರಲ್ಲ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ಪಕ್ಕಕ್ಕಿಡಿ. ಇಬ್ಬರೂ ಹೆಸರು ಹೇಳದೆ ಬಿಟ್ಟ ಆ ಸಂಶೋಧನೆಯನ್ನೇ ತೆಗೆದು ನೋಡಿ. ಅದು ಡಾಕ್ಟರುಗಳಿಗೆ ಮಾತ್ರ ಅರ್ಥವಾಗುವ ವಿಷಯ ಅಂತ ನಾವು ಸುಮ್ನೆ ಹೆದರುತ್ತೇವೆ. ಪಿಯುಸಿ ಓದಿದವರು ಒಂದು ಸಂಜೆ ಕೂತರೆ ಮುಖ್ಯ ಸಂಗತಿ ಸಿಗುತ್ತದೆ.

ನಿಮ್ಮ ಪ್ರಶ್ನೆಗೇ ನೇರವಾಗಿ ಸಂಬಂಧಿಸಿದ ಒಂದು ಅಧ್ಯಯನ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇದನ್ನು ಮಾಡಿಸಿತು. 2023ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಪ್ರಕಟವಾಯಿತು. ದುಡ್ಡು ಕೊಡದೆ ಯಾರು ಬೇಕಾದರೂ ಓದಬಹುದು. ಸಂಶೋಧನಾ ಲೇಖನ ಹುಡುಕುವ ತಾಣಗಳಾದ ಪಬ್‌ಮೆಡ್ ಅಥವಾ ಗೂಗಲ್ ಸ್ಕಾಲರ್‌ನಲ್ಲಿ ‘ಸಡನ್ ಡೆತ್, 18ರಿಂದ 45 ವರ್ಷ, ಇಂಡಿಯಾ, ಕೋವಿಡ್ ವ್ಯಾಕ್ಸಿನ್’ ಅಂತ ಇಂಗ್ಲಿಷಿನಲ್ಲಿ ಹಾಕಿ ಹುಡುಕಿ.

ಮೊದಲು ಸಾರಾಂಶ ಓದಿ. ಅರ್ಧ ಪುಟವೂ ಇರುವುದಿಲ್ಲ. ಆಮೇಲೆ ಅವರು ಇದನ್ನು ಹೇಗೆ ಮಾಡಿದರು ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ ಅವಸರ ಬೇಡ. ರೀಲ್ಸ್ ಮಾಡುವವರು ಬಿಟ್ಟುಬಿಡುವುದು ಇದೇ ಭಾಗವನ್ನು.

ಅವರು ಮಾಡಿದ್ದು ಇಷ್ಟು. 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳ ದಾಖಲೆ ನೋಡಿದರು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಇದ್ದಕ್ಕಿದ್ದಂತೆ ತೀರಿಕೊಂಡ, ಅಲ್ಲಿವರೆಗೆ ಚೆನ್ನಾಗಿಯೇ ಕಾಣುತ್ತಿದ್ದ 729 ಜನರನ್ನು ಗುರುತಿಸಿದರು. ನಂತರ ಅದೇ ವಯಸ್ಸಿನ, ಅದೇ ಲಿಂಗದ, ಅದೇ ಅಕ್ಕಪಕ್ಕದ ಮನೆಗಳ 2,916 ಬದುಕಿರುವ ಜನರನ್ನು ಆರಿಸಿ, ಎರಡೂ ಗುಂಪನ್ನು ಎದುರುಬದುರು ಇಟ್ಟು ನೋಡಿದರು. ಲಸಿಕೆ ಯಾರು ಹಾಕಿಸಿಕೊಂಡಿದ್ದರು, ಯಾರು ಇಲ್ಲ? ಕುಡಿತ ಯಾರದು? ಮನೆಯಲ್ಲಿ ಹಿಂದೆ ಯಾರಾದರೂ ಹೀಗೇ ಹೋಗಿದ್ದರಾ?

ಈ ಎರಡನೇ ಗುಂಪೇ ಇಡೀ ಅಧ್ಯಯನದ ಜೀವ. ‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರು’ ಅನ್ನುವ ಮಾತು ಕೇಳಲು ಭಯಂಕರವಾಗಿದೆ. ಆದರೆ ಆ ಹೊತ್ತಿಗೆ ದೇಶದ ದೊಡ್ಡವರಲ್ಲಿ ಬಹುತೇಕ ಎಲ್ಲರೂ ಹಾಕಿಸಿಕೊಂಡಿದ್ದರು. ಬದುಕಿರುವವರೂ ಹಾಕಿಸಿಕೊಂಡವರೇ ಅಲ್ವಾ? ಹೋಲಿಕೆಗೆ ಎರಡನೇ ಗುಂಪು ಇಲ್ಲದಿದ್ದರೆ ಆ ಮಾತಿನಿಂದ ಏನೂ ಗೊತ್ತಾಗುವುದಿಲ್ಲ.

ಸಿಕ್ಕ ಫಲ: ಎರಡು ಡೋಸ್ ಪಡೆದವರಲ್ಲಿ ಹಠಾತ್ ಸಾವಿನ ಸಾಧ್ಯತೆ ಹಾಕಿಸಿಕೊಳ್ಳದವರಿಗಿಂತ ಸುಮಾರು ಅರ್ಧ. ಜಾಸ್ತಿ ಆಗಿದ್ದು ಯಾರಲ್ಲಿ? ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಲ್ಲಿ. ಕುಟುಂಬದಲ್ಲಿ ಹಠಾತ್ ಸಾವು ಕಂಡವರಲ್ಲಿ. ಹಿಂದಿನ 48 ಗಂಟೆಯಲ್ಲಿ ವಿಪರೀತ ಕುಡಿದವರಲ್ಲಿ ಅಥವಾ ಮೈಮುರಿಯುವಷ್ಟು ಶ್ರಮ ಮಾಡಿದವರಲ್ಲಿ. ಮಾದಕ ವಸ್ತು ಬಳಸಿದವರಲ್ಲಿ.

ಇದಕ್ಕೂ ಮಿತಿ ಇದೆ. ತೀರಿಕೊಂಡವರ ವಿವರ ಕೊಟ್ಟಿದ್ದು ಮನೆಯವರು. ಅವರಿಗೆ ಎಲ್ಲವೂ ಸರಿಯಾಗಿ ನೆನಪಿರಬೇಕು ಅಂತೇನಿಲ್ಲ. ಇಂಥ ಅಧ್ಯಯನ ಎರಡು ಸಂಗತಿಗಳ ನಂಟನ್ನು ತೋರಿಸುತ್ತದೆ, ಒಂದು ಇನ್ನೊಂದಕ್ಕೆ ಕಾರಣ ಅಂತ ಪೂರ್ತಿ ಸಾಬೀತು ಮಾಡುವುದಿಲ್ಲ. ಒಳ್ಳೆಯ ಲೇಖನದಲ್ಲಿ ಇಂಥ ಮಿತಿಗಳನ್ನು ಬರೆದವರೇ ಒಪ್ಪಿಕೊಂಡಿರುತ್ತಾರೆ. ರೀಲ್ಸ್‌ನಲ್ಲಿ ಯಾರಾದರೂ ‘ನನ್ನ ಮಾತಿನಲ್ಲಿ ಈ ದೋಷ ಇದೆ’ ಅಂದಿದ್ದನ್ನು ಕೇಳಿದ್ದೀರಾ? ನನ್ನ ನಂಬಿಕೆ ಸಂಶೋಧನೆಯ ಕಡೆ ವಾಲುವುದು ಇದೇ ಕಾರಣಕ್ಕೆ.

ಹಾಗಂತ ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಅಂದುಕೊಳ್ಳುವುದೂ ಸರಿಯಲ್ಲ. ನಮ್ಮಲ್ಲಿ ಕೋವಿಶೀಲ್ಡ್ ಅಂತ ಕೊಟ್ಟ ಆಸ್ಟ್ರಾಜೆನೆಕಾ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದೆ. ಅದನ್ನು ಬಯಲಿಗೆ ತಂದವರು ಯಾರು? ಜರ್ಮನಿ, ಆಸ್ಟ್ರಿಯಾ, ನಾರ್ವೆಯ ವೈದ್ಯರು. 2021ರ ಏಪ್ರಿಲ್‌ನಲ್ಲೇ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ರೋಗಿಗಳ ವಿವರ ಸಮೇತ ಬರೆದರು. ಫೈಜರ್, ಮಾಡರ್ನಾದಂಥ ಎಂಆರ್‌ಎನ್‌ಎ ಲಸಿಕೆಗಳಿಂದ ಕೆಲವು ಯುವಕರಲ್ಲಿ ಹೃದಯದ ಸ್ನಾಯುವಿಗೆ ಉರಿಯೂತ ಬಂದಿದ್ದೂ ಹೀಗೆ ದಾಖಲಾಯಿತು. ‘ವಿಜ್ಞಾನಿಗಳು ಮುಚ್ಚಿಡುತ್ತಾರೆ’ ಅಂತ ಹೇಳುವವರು ಈ ಲೇಖನಗಳನ್ನು ತೆರೆದು ನೋಡಬೇಕು.

ಇನ್ನು ಹಾಸನದ ವಿಷಯ. 2025ರ ಮೇ ಕೊನೆಯಿಂದ ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಅಂತ ಸುದ್ದಿಯಾಯಿತು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖ ಯಾವ ಅಂಕಿಯಿಂದಲೂ ಕಡಿಮೆಯಾಗುವುದಿಲ್ಲ. ಆದರೆ ‘ಹಾಸನಕ್ಕೆ ಮಾತ್ರ ಏನೋ ಆಗಿದೆ’ ಅಂದರೆ ಲೆಕ್ಕ ಕೇಳಲೇಬೇಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ತೀರಿಕೊಳ್ಳುತ್ತಾರೆ. ಅಂದರೆ ಜಿಲ್ಲೆಯಲ್ಲಿ ದಿನಕ್ಕೆ ಸುಮಾರು 30 ಸಾವು. ದೇಶದಲ್ಲಿ ನಾಲ್ಕರಲ್ಲಿ ಒಂದು ಸಾವಿಗಾದರೂ ಹೃದಯ ಮತ್ತು ರಕ್ತನಾಳದ ಕಾಯಿಲೆ ಕಾರಣ. ಹಾಗಾದರೆ 40 ದಿನಕ್ಕೆ ಮುನ್ನೂರರ ಆಸುಪಾಸು. ಇದರಲ್ಲಿ ವಯಸ್ಸಾದವರೇ ಜಾಸ್ತಿ, ಪಾರ್ಶ್ವವಾಯುವೂ ಸೇರಿದೆ, ನಿಜ. ಆದರೂ ‘ಇಪ್ಪತ್ತು’ ಅನ್ನುವುದು ಯಾವುದರಲ್ಲಿ ಇಪ್ಪತ್ತು ಅಂತ ಆ ಜೂನ್‌ನಲ್ಲಿ ಯಾವ ಫಾರ್ವರ್ಡ್ ಕೂಡ ಹೇಳಲಿಲ್ಲ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4ಕ್ಕೆ ಕಾರಣ ಹೃದಯವೇ ಅಲ್ಲ. ಜಿಲ್ಲೆಯಲ್ಲಿ ಅಸಹಜ ಏರಿಕೆ ಕಾಣಲಿಲ್ಲ ಅಂತ ವರದಿ ಹೇಳಿತು.

ಹಾಗಾದರೆ 38ರ, 40ರ ಹುಡುಗರು ಯಾಕೆ ಹೋಗುತ್ತಿದ್ದಾರೆ? ಇದು ಕೋವಿಡ್‌ಗಿಂತ ಹಳೆಯ ಪ್ರಶ್ನೆ. ಹೃದಯಾಘಾತದ ಕಾರಣಗಳನ್ನು ಹುಡುಕಿದ 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನ ‘ಲ್ಯಾನ್ಸೆಟ್’ ಜರ್ನಲ್‌ನಲ್ಲಿ ಬಂದಿದ್ದು 2004ರಲ್ಲಿ. ಅದರ ಮಾಹಿತಿಯನ್ನೇ ಇಟ್ಟುಕೊಂಡು 2007ರಲ್ಲಿ ಬಂದ ಲೇಖನದ ಪ್ರಕಾರ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮ ದಕ್ಷಿಣ ಏಷ್ಯಾದಲ್ಲಿ 53, ಬೇರೆ ದೇಶಗಳಲ್ಲಿ ಸುಮಾರು 59. ಬೀಡಿ ಸಿಗರೇಟು, ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ. ಹೆಚ್ಚಿನ ಅಪಾಯ ಈ ಹಳೆಯ ಪಟ್ಟಿಯಲ್ಲೇ ಇದೆ. ಇದರಲ್ಲಿ ಹೊಸದೇನೂ ಇಲ್ಲ, ಹಾಗಾಗಿ ರೀಲ್ಸ್‌ಗೆ ವ್ಯೂಸ್ ಬರುವುದಿಲ್ಲ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲೇ. ಬೆಳ್ಳುಳ್ಳಿ ನಿಂಬೆ ಕಷಾಯ ಬ್ಲಾಕ್ ಕರಗಿಸುತ್ತೆ ಅಂತ ಯಾರೋ ಹೇಳಿದ್ದಕ್ಕೆ ಬಿಪಿ ಮಾತ್ರೆ ಬಿಟ್ಟವರಿಗೆ ಆ ವಿಡಿಯೋ ಮಾಡಿದವರು ಜವಾಬ್ದಾರರಾಗುವುದಿಲ್ಲ.

ಮುಂದಿನ ಸಲ ರೀಲ್ಸ್ ಬಂದಾಗ ಕೆಳಗೆ ಇಷ್ಟು ಕೇಳಿ: ಯಾವ ಜರ್ನಲ್, ಯಾವ ವರ್ಷ, ಎಷ್ಟು ಜನ, ಯಾರ ಜೊತೆ ಹೋಲಿಸಿದರು? ಉತ್ತರ ಬಂದರೆ ಹುಡುಕಿ ಓದಿ. ಇಂಗ್ಲಿಷ್ ಕಷ್ಟವಾದರೆ ಸಾರಾಂಶದ ಪ್ರಿಂಟ್ ತೆಗೆದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.

ಆದರೆ ಎದೆ ಹಿಡಿದಂತಾಗಿ ಬೆವರು ಬಂದರೆ ಫೋನು ಕೆಳಗಿಡಿ, ತಕ್ಷಣ ಹತ್ತಿರದ ಆಸ್ಪತ್ರೆಗೆ ಹೊರಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆಯುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಖಚಿತವಾಗಿ, ಡಾಕ್ಟರು ಬೇಕು ಅಂದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಮೊದಲ ಒಂದೆರಡು ಗಂಟೆಯೊಳಗೆ ಬಿದ್ದರೆ ಅದರ ಉಪಯೋಗ ಹೆಚ್ಚು.