ಮೊದಲು ಊರು ಕಟ್ಟಿ, ಯುದ್ಧ ಆಮೇಲೆ ಬರಲಿ

ಡಯೊರಾಮಾ, ಅಂದರೆ ಒಂದು ದೃಶ್ಯವನ್ನು ಹಲಗೆಯ ಮೇಲೆ ಪುಟ್ಟದಾಗಿ ಕಟ್ಟಿ ತೋರಿಸುವ ಮಾದರಿ, ಮಾಡಲು ಹೊರಟವರಲ್ಲಿ ಹೆಚ್ಚಿನವರು ಟ್ಯಾಂಕಿನಿಂದ ಶುರು ಮಾಡುತ್ತಾರೆ. ಕಿಟ್ ಜೋಡಿಸಿ ಬಣ್ಣ ಬಳಿದಾದ ಮೇಲೆ, ಇದನ್ನು ನಿಲ್ಲಿಸಲು ಒಂದು ಜಾಗ ಬೇಕಲ್ಲ ಅನ್ನಿಸುತ್ತದೆ. ಆಗ ಒಂದು ಮುರಿದ ಗೋಡೆ, ಒಂದಿಷ್ಟು ಇಟ್ಟಿಗೆ ಚೂರು, ಒಂದು ಹಿಡಿ ಹುಲ್ಲು ಬರುತ್ತವೆ. ಯುದ್ಧಕಾಲದ ಹಳ್ಳಿ ಸಿದ್ಧವಾಯಿತು ಅಂದುಕೊಳ್ಳುತ್ತಾರೆ. ನೋಡುವವರಿಗೆ ಮಾತ್ರ ಅಲ್ಲಿ ಹಳ್ಳಿ ಕಾಣುವುದಿಲ್ಲ. ಯಾರೂ ಯಾವತ್ತೂ ಬಾಳಿರದ ಒಂದು ಮೂಲೆ ಕಾಣುತ್ತದೆ.

ಈ ಕೆಲಸ ಕಲಿಯಲು ಬರುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಊರನ್ನು ಇಡಿಯಾಗಿ ಕಟ್ಟಿ. ಬಾಗಿಲು, ಕಿಟಕಿ, ಸೂರು, ಒಲೆ, ಹಿತ್ತಲ ಬೇಲಿ ಎಲ್ಲ ಇರಲಿ. ಯಾವ ಮನೆಯಲ್ಲಿ ಯಾರಿದ್ದರು, ಯಾವ ಬಾಗಿಲಿನಿಂದ ದನ ಹೊರಗೆ ಬರುತ್ತಿತ್ತು ಅನ್ನುವುದು ಕಾಗದದ ಮೇಲಾದರೂ ತೀರ್ಮಾನವಾಗಿರಲಿ. ಒಡೆಯುವುದು ಆಮೇಲಿನ ಮಾತು. ಹೀಗೆ ಮಾಡಿದರೆ ಒಡೆದ ಪ್ರತಿ ಚೂರಿಗೂ ಒಂದು ಮೂಲ ಇರುತ್ತದೆ.

ಉದಾಹರಣೆಗೆ ಎರಡನೇ ಮಹಾಯುದ್ಧದ, 1944ರ ಬೇಸಿಗೆಯ ನಾರ್ಮಂಡಿಯನ್ನು ತೆಗೆದುಕೊಳ್ಳೋಣ. ಫ್ರಾನ್ಸಿನ ಈ ಕರಾವಳಿಯಲ್ಲಿ ಜೂನ್ 6ರಂದು ಜರ್ಮನರ ವಿರುದ್ಧ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಮಿತ್ರಪಡೆಗಳು ಇಳಿದವು. ಆಗಸ್ಟ್ ಮುಗಿಯುವವರೆಗೂ ಹಳ್ಳಿಯಿಂದ ಹಳ್ಳಿಗೆ ಕಾಳಗ ನಡೆಯಿತು. ಆ ಬೇಸಿಗೆಯಲ್ಲಿ ನಾರ್ಮಂಡಿಯ ಸುಮಾರು 20 ಸಾವಿರ ಜನಸಾಮಾನ್ಯರು ಸತ್ತರು. ಅವರಲ್ಲಿ ಬಹಳ ಜನ ಬಾಂಬ್ ದಾಳಿಗೆ ಸಿಕ್ಕಿದವರು. ನಾವು ಮೇಜಿನ ಮೇಲೆ ಕಟ್ಟುವ ಗೋಡೆ ಅಂಥವರ ಮನೆಯ ಗೋಡೆ. ನಿಖರತೆಯ ವಿಷಯದಲ್ಲಿ ನಾನು ಹಟ ಹಿಡಿಯುವುದು ಅದಕ್ಕಾಗಿ.

ಮೊದಲು ಅಳತೆ ನೋಡೋಣ. 1/72 ಸ್ಕೇಲಿನಲ್ಲಿ, ಅಂದರೆ ನಿಜವಾದ ಅಳತೆಯ 72ರಲ್ಲಿ ಒಂದು ಭಾಗಕ್ಕೆ ಇಳಿಸಿದಾಗ, 1.75 ಮೀಟರ್ ಎತ್ತರದ ಮನುಷ್ಯ 24 ಮಿಲಿಮೀಟರ್ ಆಗುತ್ತಾನೆ. ಎರಡು ಮೀಟರ್ ಬಾಗಿಲು 28 ಮಿಲಿಮೀಟರ್. ಒಂದು ಅಂತಸ್ತು ಸುಮಾರು 40. ಇನ್ನು 30×40 ಸೆಂಟಿಮೀಟರ್ ಹಲಗೆ ತೆಗೆದುಕೊಂಡರೆ ನಿಮ್ಮ ಕೈಗೆ ಸಿಗುವ ನಿಜವಾದ ನೆಲ ಎಷ್ಟು? 22 ಮೀಟರ್ ಅಗಲ, 29 ಮೀಟರ್ ಉದ್ದ, ಅಷ್ಟೇ. ಚರ್ಚು, ಚೌಕ, ಆರು ಮನೆ, ತೋಟ ಎಲ್ಲವನ್ನೂ ಇದರೊಳಗೆ ತುರುಕಲು ಹೋದರೆ ಆಟಿಕೆ ಊರಾಗುತ್ತದೆ. ಈ ಹಲಗೆಗೆ ಎರಡು ಮನೆ, ಒಂದು ಕವಲು ದಾರಿ, ಚರ್ಚಿನ ಆವರಣ ಗೋಡೆಯ ಒಂದು ತುಂಡು ಸಾಕು. ಮನೆಗಳನ್ನು ಹಲಗೆಯ ಅಂಚಿನಲ್ಲಿ ಧೈರ್ಯವಾಗಿ ಕತ್ತರಿಸಿಬಿಡಿ. ಊರು ಅಂಚಿನಾಚೆಗೂ ಇದೆ ಅಂತ ಕಣ್ಣೇ ಊಹಿಸಿಕೊಳ್ಳುತ್ತದೆ. ದಾರಿಯನ್ನು ಮಾತ್ರ ಹಲಗೆಯ ಅಂಚಿಗೆ ಸಮಾನಾಂತರವಾಗಿ ಹಾಕಬೇಡಿ. ಹತ್ತು ಹದಿನೈದು ಡಿಗ್ರಿ ಓರೆ ಮಾಡಿ.

ಆಕರಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಇವತ್ತಿನ ಊರಿನ ಫೋಟೋ ನೋಡಿ 1944ರ ಮನೆ ಕಟ್ಟಬೇಡಿ. ವಿಲೆರ್-ಬೊಕಾಜ್ ಊರಲ್ಲಿ ಜೂನ್ 13ರಂದು ಟ್ಯಾಂಕ್ ಕಾಳಗ ನಡೆಯಿತು, ಜೂನ್ 30ರಂದು ಭಾರಿ ಬಾಂಬ್ ದಾಳಿಯಾಯಿತು. ಈಗ ಅಲ್ಲಿ ಕಾಣುವುದು ಬಹುಪಾಲು ಯುದ್ಧದ ನಂತರ ಕಟ್ಟಿದ ಊರು. ಸಾಂ-ಲೋ ಪಟ್ಟಣವೂ ಹಾಗೆಯೇ. ನಿಮಗೆ ಬೇಕಾದದ್ದು ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಫ್ರೆಂಚ್ ಪೋಸ್ಟ್‌ಕಾರ್ಡುಗಳು. ಸಣ್ಣ ಸಣ್ಣ ಹಳ್ಳಿಗಳ ಬೀದಿಗಳನ್ನೂ ಆಗ ಪೋಸ್ಟ್‌ಕಾರ್ಡಿಗಾಗಿ ಫೋಟೋ ತೆಗೆಯುತ್ತಿದ್ದರು. ಅಂಗಡಿಯ ಬೋರ್ಡು, ಕಿಟಕಿಯ ಮರದ ಕದ, ಬೀದಿಯ ಚರಂಡಿ ಎಲ್ಲ ಅವುಗಳಲ್ಲಿ ಕಾಣುತ್ತವೆ. ಅವುಗಳ ಪಕ್ಕದಲ್ಲಿ ಯುದ್ಧಕಾಲದ ಸೈನಿಕ ಛಾಯಾಗ್ರಾಹಕರ ಚಿತ್ರಗಳನ್ನು ಇಟ್ಟುಕೊಂಡರೆ ಮೊದಲು ಮತ್ತು ಆಮೇಲೆ ಎರಡೂ ಸಿಕ್ಕಂತಾಯಿತು.

ಕಲ್ಲಿನ ಜಾತಿಯನ್ನೂ ಮೊದಲೇ ತೀರ್ಮಾನಿಸಿ. ಕಾನ್ ನಗರದ ಸುತ್ತಮುತ್ತ ಕೆನೆಬಣ್ಣದ ಸುಣ್ಣಕಲ್ಲು. ಪಶ್ಚಿಮಕ್ಕೆ ಹೋದರೆ ಬೂದು ಗ್ರಾನೈಟ್ ಮತ್ತು ಕಪ್ಪು ಛಾಯೆಯ ಪದರುಗಲ್ಲು. ಪೂರ್ವದ ಓಜ್ ಸೀಮೆಯಲ್ಲಿ ಮರದ ಚೌಕಟ್ಟಿನ ನಡುವೆ ಮಣ್ಣು ತುಂಬಿದ ಮನೆಗಳು. ಒಂದೇ ಬೀದಿಯಲ್ಲಿ ಈ ಮೂರನ್ನೂ ಬೆರೆಸಿದರೆ ಅದು ಎಲ್ಲಿಯ ಊರೂ ಆಗುವುದಿಲ್ಲ.

ಗೋಡೆಗೆ ನನಗೆ ಇಷ್ಟವಾದ ವಸ್ತು ಎಕ್ಸ್‌ಪಿಎಸ್ ಫೋಮ್ ಹಲಗೆ. ಮಣಿ ಮಣಿಯಾಗಿ ಉದುರುವ ಥರ್ಮಾಕೋಲ್ ಅಲ್ಲ, ನುಣುಪಾಗಿ ಒತ್ತಾಗಿ ಇರುತ್ತದಲ್ಲ, ಅದು. ಹಳೆಯ ಕಲ್ಲಿನ ಮನೆಯ ಗೋಡೆ ಅರ್ಧ ಮೀಟರಿಗಿಂತ ದಪ್ಪ ಇರುತ್ತಿತ್ತು. ಅಂದರೆ ನಮ್ಮ ಸ್ಕೇಲಿನಲ್ಲಿ 7ರಿಂದ 8 ಮಿಲಿಮೀಟರ್. ಇಲ್ಲಿ ತೆಳು ಕಾರ್ಡ್‌ಬೋರ್ಡ್ ಹಾಕಿದರೆ, ಮುರಿದ ಜಾಗದಲ್ಲಿ ಗುಟ್ಟು ಬಯಲಾಗುತ್ತದೆ. ಬಾಲ್‌ಪೆನ್ನಿನಿಂದ ಒತ್ತಿ ಕಲ್ಲಿನ ಸಾಲು ಬರೆಯಿರಿ. ಸಾಧಾರಣ ಕಲ್ಲು 3ರಿಂದ 5 ಮಿಲಿಮೀಟರ್, ಮೂಲೆಗಲ್ಲು ಮತ್ತು ಕಿಟಕಿಯ ಸುತ್ತಿನ ಕಲ್ಲು ಸ್ವಲ್ಪ ದೊಡ್ಡದು, ಅಂಚು ನೇರ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಮೇಲೆ ಹಗುರವಾಗಿ ಉರುಳಿಸಿ. ಕಲ್ಲಿನ ಒರಟು ತಾನಾಗಿ ಬರುತ್ತದೆ. ಈ ಫೋಮಿನ ಮೇಲೆ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ, ಸೂಪರ್ ಗ್ಲೂ ಹಚ್ಚಬೇಡಿ. ಎರಡೂ ಅದನ್ನು ಕರಗಿಸುತ್ತವೆ. ಪಿವಿಎ ಅಂಟು (ಮರಗೆಲಸದ ಬಿಳಿ ಅಂಟು), ಅಕ್ರಿಲಿಕ್ ಬಣ್ಣ, ಇವೆರಡೇ ಸಾಕು.

ಚಾವಣಿಗೆ ಕಾಗದ. ಸ್ಲೇಟ್ ಕಲ್ಲಿನ ಒಂದೊಂದು ಹೊದಿಕೆ ಬಿಲ್ಲೆ ಇಲ್ಲಿ ಸುಮಾರು 3 ಮಿಲಿಮೀಟರ್ ಅಗಲ. ಪಟ್ಟಿ ಕತ್ತರಿಸಿ, ಕೆಳಗಂಚಿನಲ್ಲಿ ಕತ್ತರಿಯಿಂದ ಸೀಳು ಹಾಕಿ, ಸೂರಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸುತ್ತಾ ಹೋಗಿ. ಪ್ರತಿ ಸಾಲೂ ಅರ್ಧ ಬಿಲ್ಲೆ ಸರಿದಿರಬೇಕು. ಬೇಜಾರಿನ ಕೆಲಸ ನಿಜ. ಆದರೆ ಡಯೊರಾಮಾವನ್ನು ಜನ ಮೇಲಿನಿಂದಲೇ ನೋಡುತ್ತಾರೆ, ಅಲ್ವಾ? ಅವರ ಕಣ್ಣಿಗೆ ಮೊದಲು ಬೀಳುವುದು ಚಾವಣಿ.

ಈಗ ಒಡೆಯುವ ಕೆಲಸ. ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇಲ್ಲಿಗೆ.

ಒಂದು ಗೋಡೆ 60 ಮಿಲಿಮೀಟರ್ ಉದ್ದ, 40 ಎತ್ತರ, 8 ದಪ್ಪ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 19 ಘನ ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ನಾಲ್ಕು ಟೀ ಚಮಚ. ಆ ಗೋಡೆ ಬಿದ್ದರೆ ಆ ನಾಲ್ಕು ಚಮಚ ಕಲ್ಲೂ ನೆಲದ ಮೇಲೆ ಇರಲೇಬೇಕು. ಕಲ್ಲುಗಳ ನಡುವೆ ಗಾಳಿ ಸೇರುವುದರಿಂದ ರಾಶಿ ಇನ್ನೂ ದೊಡ್ಡದಾಗಿ ಕಾಣಬೇಕು. ಮುಕ್ಕಾಲು ಮನೆ ಮಾಯವಾಗಿ, ಬುಡದಲ್ಲಿ ಒಂದು ಚಿಟಿಕೆ ಚೂರು ಉದುರಿಸಿರುವ ಮಾದರಿಗಳನ್ನು ನಾನು ಜಾಸ್ತಿ ನೋಡುತ್ತೇನೆ. ಉಳಿದ ಮನೆ ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಇರುವುದಿಲ್ಲ.

ರಾಶಿ ಬರೀ ಕಲ್ಲಲ್ಲ. ಮೇಲಿನಿಂದ ಕೆಳಗೆ ಏನೇನು ಇತ್ತೋ ಅದೆಲ್ಲ ಅದರಲ್ಲಿ ಇರುತ್ತದೆ. ಸ್ಲೇಟ್ ಬಿಲ್ಲೆ, ರೀಪು, ಜಂತೆ, ಅಟ್ಟದ ಹಲಗೆ, ಗಾರೆಯ ಪುಡಿ, ಕಬ್ಬಿಣದ ಮಂಚದ ಕಾಲು, ಒಂದು ಕಿಟಕಿಯ ಚೌಕಟ್ಟು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ತೆಳು ಹಾಳೆ ಎರೆದು, ಒಣಗಿದ ಮೇಲೆ ಮುರಿದರೆ ಒಳ್ಳೆಯ ಕಲ್ಲುಚೂರು ಸಿಗುತ್ತದೆ. ಕಲಸುವಾಗ ನೀರಿಗೆ ಪುಡಿ ಹಾಕಿ, ಪುಡಿಗೆ ನೀರು ಸುರಿಯಬೇಡಿ, ಗಂಟು ಕಟ್ಟುತ್ತದೆ. ದೊಡ್ಡ ಚೂರು ಮೊದಲು, ಆಮೇಲೆ ಸಣ್ಣದು, ಕೊನೆಗೆ ಪುಡಿ. ಒಂದೊಂದು ಹಂತಕ್ಕೂ ನೀರು ಬೆರೆಸಿದ ಪಿವಿಎಯನ್ನು ಡ್ರಾಪರಿನಿಂದ ಬಿಡಿ. ಅದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿದರೆ ಅಂಟು ಪುಡಿಯೊಳಗೆ ಸಲೀಸಾಗಿ ಇಳಿಯುತ್ತದೆ. ಇಲ್ಲದಿದ್ದರೆ ಮೇಲೆಯೇ ಗುಳ್ಳೆಯಾಗಿ ನಿಲ್ಲುತ್ತದೆ.

ನಿಂತಿರುವ ಗೋಡೆಯೂ ಕಥೆ ಹೇಳಬೇಕು. ಹಳೆಯ ಚಿತ್ರಗಳನ್ನು ಗಮನಿಸಿ. ಎಷ್ಟೋ ಕಡೆ ಹೊಗೆಗೂಡು ಇರುವ ತ್ರಿಕೋನ ಗೋಡೆ ಮಾತ್ರ ಉಳಿದಿರುತ್ತದೆ. ನೆಲವೇ ಇಲ್ಲದ ಮೇಲಂತಸ್ತಿನಲ್ಲಿ ಅಗ್ಗಿಷ್ಟಿಕೆ ಗೋಡೆಗೆ ಅಂಟಿಕೊಂಡು ನಿಂತಿರುತ್ತದೆ. ತೊಲೆಗಳು ಕೂತಿದ್ದ ಗೂಡುಗಳು ಸಾಲಾಗಿ ಕಾಣುತ್ತವೆ. ಆ ಗೆರೆಯ ಮೇಲೆ ಒಂದು ಬಣ್ಣದ ವಾಲ್‌ಪೇಪರ್, ಕೆಳಗೆ ಇನ್ನೊಂದು. ಹೂವಿನ ಚಿತ್ರದ ವಾಲ್‌ಪೇಪರನ್ನು ಪ್ರಿಂಟ್ ಮಾಡಿ ಅಂಟಿಸಿ, ಮಂಚ ಇದ್ದ ಜಾಗದಲ್ಲಿ ಬಣ್ಣ ಸ್ವಲ್ಪ ಗಾಢವಾಗಿ ಬಿಡಿ. ಬಿಸಿಲು ತಾಗದೆ ಉಳಿದ ಕಾಗದ ಹಾಗೆಯೇ ಇರುತ್ತದೆ. ಹೊಡೆತದ ದಿಕ್ಕನ್ನೂ ನೆನಪಿಡಿ. ಗೋಡೆ ತೂರಿ ಬಂದ ಗುಂಡು ಹೊರಗೆ ಸಣ್ಣ ತೂತು ಮಾಡುತ್ತದೆ, ಒಳಮೈಯಲ್ಲಿ ಅಗಲವಾಗಿ ಕಲ್ಲು ಕಿತ್ತು ಬರುತ್ತದೆ. ಬೆಂಕಿ ಬಿದ್ದ ಮನೆಯಲ್ಲಿ ಮಸಿ ಕಿಟಕಿಯ ಮೇಲ್ಭಾಗಕ್ಕೆ ಹತ್ತುತ್ತದೆ, ಸುತ್ತಲೂ ಸಮವಾಗಿ ಅಲ್ಲ. ಹತ್ತಿರ ಶೆಲ್ ಸಿಡಿದರೆ ಗೋಡೆ ನಿಂತೇ ಇದ್ದು, ಚಾವಣಿಯ ಬಿಲ್ಲೆ ಹಾರಿ, ಜಂತೆಗಳಷ್ಟೇ ಉಳಿಯಬಹುದು. ಕಿಟಕಿಯ ಗಾಜಂತೂ ಉಳಿಯುವುದಿಲ್ಲ.

ರಸ್ತೆಯ ನಡುವೆಯೂ ಕಲ್ಲುಮಣ್ಣು ಹರಡಬೇಕೇ? ಅದು ನೀವು ಆರಿಸಿದ ದಿನದ ಮೇಲೆ ಹೋಗುತ್ತದೆ. ಕಾಳಗ ನಡೆಯುತ್ತಿರುವ ಗಳಿಗೆಯಾದರೆ ಹೌದು. ಒಂದೆರಡು ದಿನ ಕಳೆದಿದ್ದರೆ ಇಂಜಿನಿಯರ್ ತುಕಡಿಯ ಬುಲ್ಡೋಜರ್ ಬಂದು ದಾರಿ ಬಿಡಿಸಿರುತ್ತದೆ. ಆಗ ನಡುವೆ ಖಾಲಿ, ಎರಡೂ ಬದಿಗೆ ಒತ್ತಿದ ರಾಶಿ. ಎರಡನೆಯದನ್ನು ತೋರಿಸುವವರು ಕಡಿಮೆ. ನನಗೆ ಅದೇ ಇಷ್ಟ, ಏಕೆಂದರೆ ಜನ ವಾಪಸು ಬರುವ ಹೊತ್ತು ಅದು.

ಊರಾಚೆಯ ನೆಲಕ್ಕೆ ಬರೋಣ. ನಾರ್ಮಂಡಿಯ ಬೊಕಾಜ್ ಅಂದರೆ ಸಣ್ಣ ಹೊಲಗಳು, ಸುತ್ತ ಮಣ್ಣಿನ ಬದು, ಬದುವಿನ ಮೇಲೆ ದಟ್ಟ ಬೇಲಿ, ನಡುನಡುವೆ ಮರ. ಬದುವೇ ಒಂದು ಮೀಟರಿಗಿಂತ ಎತ್ತರ ಇರುತ್ತಿತ್ತು, ಅಂದರೆ 15ರಿಂದ 20 ಮಿಲಿಮೀಟರ್. ಮೇಲಿನ ಗಿಡ ಸೇರಿಸಿದರೆ ಸೈನಿಕನ ಬೊಂಬೆ ಪೂರ್ತಿ ಮರೆಯಾಗಬೇಕು. ಮಾರುವ ರೆಡಿಮೇಡ್ ಬೇಲಿ ಪಟ್ಟಿ ಇದಕ್ಕೆ ಆಗುವುದಿಲ್ಲ. ಫೋಮಿನ ಬದು ಮಾಡಿ, ಮಣ್ಣು ಮೆತ್ತಿ, ಒಣ ಬೇರುಗಳನ್ನು ಚುಚ್ಚಿ, ಅದರ ಮೇಲೆ ಸ್ಪಾಂಜಿನ ಪುಡಿ ಉದುರಿಸಿ. ಜೂನ್–ಜುಲೈ ಆದ್ದರಿಂದ ಹಸಿರು ತುಂಬಿರಲಿ. ಮುಂಭಾಗಕ್ಕೆ ಉಕ್ಕಿನ ಹಲ್ಲು ಬೆಸೆದ ಶೆರ್ಮನ್ ಟ್ಯಾಂಕ್ ಇಡಬೇಕೆಂದಿದ್ದರೆ ತಾರೀಖು ಜುಲೈ ಕೊನೆಯದಾಗಿರಲಿ. ಬದು ಸೀಳುವ ಆ ಸಾಧನ ಅಮೆರಿಕನ್ ಸಾರ್ಜೆಂಟ್ ಕರ್ಟಿಸ್ ಕ್ಯೂಲಿನ್ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಜರ್ಮನರು ಕಡಲತೀರದಲ್ಲಿ ನೆಟ್ಟಿದ್ದ ಉಕ್ಕಿನ ತಡೆಗಳನ್ನೇ ಕತ್ತರಿಸಿ ಅದನ್ನು ಮಾಡುತ್ತಿದ್ದರು. ಜುಲೈ 25ಕ್ಕೆ ಶುರುವಾದ ಅಮೆರಿಕನ್ನರ ದೊಡ್ಡ ದಾಳಿ, ಕೋಬ್ರಾ ಕಾರ್ಯಾಚರಣೆಯ ಹೊತ್ತಿಗೆ ಅದು ಬಳಕೆಗೆ ಬಂದಿತ್ತು.

ಶೆರ್ಮನ್ ಅಗಲ 2.62 ಮೀಟರ್, ಇಲ್ಲಿ 36 ಮಿಲಿಮೀಟರ್. ಹಳ್ಳಿಯ ಓಣಿಯನ್ನು 45 ಮಿಲಿಮೀಟರ್ ಇಟ್ಟರೆ ಟ್ಯಾಂಕಿನ ಎರಡೂ ಬದಿಗೆ ನಾಲ್ಕೈದು ಮಿಲಿಮೀಟರ್ ಮಾತ್ರ ಉಳಿಯುತ್ತದೆ. ತಿರುವಿನ ಮೂಲೆಗಲ್ಲು ಕಿತ್ತುಹೋಗಿರಲಿ. ಟ್ಯಾಂಕ್ ನೆಲದ ಮೇಲೆ ಸುಮ್ನೆ ಇಟ್ಟ ಹಾಗೆ ಕಾಣಬಾರದು. 30 ಟನ್ ಭಾರ ಅದು. ನೆಲಕ್ಕೆ ಬಳಿದ ಪೇಸ್ಟ್ ಹಸಿಯಿರುವಾಗಲೇ ಒತ್ತಿ, ಟ್ಯಾಂಕಿನ ಚಕ್ರಗಳ ಸುತ್ತಿನ ಉಕ್ಕಿನ ಪಟ್ಟಿಯ ಗುರುತು ಹಿಂದಕ್ಕೂ ಹೋಗಲಿ. ಓಣಿಗೆಲ್ಲ ಕಲ್ಲುಹಾಸು ಬೇಡ. ಚೌಕದಲ್ಲಿ, ಚರಂಡಿಯ ಅಂಚಿನಲ್ಲಿ ಇದ್ದರೆ ಸಾಕು. ಉಳಿದದ್ದು ಜಲ್ಲಿ ಮತ್ತು ಗಟ್ಟಿ ಮಣ್ಣು.

ಚೌಕಕ್ಕೆ ಜಾಗ ಇದ್ದರೆ ಒಂದು ವಸ್ತುವನ್ನು ಬಿಡಬೇಡಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ 13–14 ಲಕ್ಷ ಸೈನಿಕರನ್ನು ಕಳೆದುಕೊಂಡಿತು. ಆಮೇಲಿನ ವರ್ಷಗಳಲ್ಲಿ ಬಹುತೇಕ ಪ್ರತಿ ಹಳ್ಳಿಯೂ ತನ್ನ ಸತ್ತ ಹುಡುಗರ ಹೆಸರು ಕೆತ್ತಿ ಕಲ್ಲು ನಿಲ್ಲಿಸಿತು. ಅಂದರೆ 1944ರಲ್ಲಿ ಟ್ಯಾಂಕ್ ಬಂದಾಗ ಅದು ಅಲ್ಲೇ ಇತ್ತು. ಮೂರು ಮೀಟರ್ ಕಂಬ, 42 ಮಿಲಿಮೀಟರ್. ಪ್ಲಾಸ್ಟಿಕ್ ಕಾರ್ಡಿನಲ್ಲಿ (ಮಾದರಿ ಕೆಲಸದ ತೆಳು ಪ್ಲಾಸ್ಟಿಕ್ ಹಾಳೆ) ಒಂದು ಸಂಜೆಯ ಕೆಲಸ.

ಬಣ್ಣದಲ್ಲಿ ಎರಡು ಮಾತು. ಕಲ್ಲಿನ ಸಂದಿಗೆ ಕಪ್ಪು ತುಂಬಬೇಡಿ. ಸುಣ್ಣದ ಗಾರೆ ಕಲ್ಲಿನಷ್ಟೇ ತಿಳಿ ಅಥವಾ ಇನ್ನೂ ತಿಳಿ. ತೆಳು ಕಂದು ವಾಶ್ (ನೀರಾಗಿಸಿದ ಬಣ್ಣ) ಒಂದೇ ಸಲ ಕೊಟ್ಟು, ಅಲ್ಲೊಂದು ಇಲ್ಲೊಂದು ಕಲ್ಲಿಗೆ ಬೇರೆ ಛಾಯೆ ಹಾಕಿ, ಕೊನೆಗೆ ಡ್ರೈ ಬ್ರಶ್ ಮಾಡಿ, ಅಂದರೆ ಬಣ್ಣ ಒರೆಸಿ ತೆಗೆದ ಬ್ರಶ್ಶನ್ನು ಉಬ್ಬುಗಳ ಮೇಲೆ ಸವರಿ. ಸ್ಕೇಲ್ ಚಿಕ್ಕದಾದಷ್ಟೂ ಬಣ್ಣ ಮಂಕಾಗಿರಬೇಕು, ಅಚ್ಚ ಕಪ್ಪು ಎಲ್ಲೂ ಬೇಡ. ಧೂಳು ಎಲ್ಲದರ ಮೇಲೂ ಒಂದೇ ಇರಲಿ. ಗಾರೆಯ ಪುಡಿಯ ಬಣ್ಣದ ಪಿಗ್‌ಮೆಂಟನ್ನೇ (ಒಣ ಬಣ್ಣದ ಪುಡಿ) ಟ್ಯಾಂಕಿನ ಪಟ್ಟಿಗೂ ಸೈನಿಕರ ಬೂಟಿಗೂ ಎಲೆಗಳ ಮೇಲೂ ಹಗುರವಾಗಿ ಹಚ್ಚಿ. ಬೇರೆ ಬೇರೆ ಮಾಡಿದ ತುಂಡುಗಳು ಆಗ ಒಂದೇ ಜಾಗದವು ಅನ್ನಿಸುತ್ತವೆ.

ಬೊಂಬೆಗಳು ಕಡಿಮೆ ಇರಲಿ. ಬಂದೂಕು ಗುರಿಯಿಟ್ಟ ಹತ್ತು ಜನರಿಗಿಂತ, ಕೈಗಾಡಿ ತಳ್ಳುತ್ತಾ ಬಂದ ಒಂದು ಕುಟುಂಬ ಮತ್ತು ದಾರಿ ಬಿಟ್ಟು ನಿಂತ ಇಬ್ಬರು ಸೈನಿಕರು ಹೆಚ್ಚು ಹೇಳುತ್ತಾರೆ. ಅವರೆಲ್ಲ ಯಾವುದನ್ನು ನೋಡುತ್ತಿದ್ದಾರೆ ಅನ್ನುವುದನ್ನು ಅಂಟಿಸುವ ಮುಂಚೆ ತೀರ್ಮಾನಿಸಿ. ನೋಡುಗನ ಕಣ್ಣು ಅವರ ನೋಟದ ಹಿಂದೆಯೇ ಹೋಗುತ್ತದೆ. ಹೆಣಗಳನ್ನು ಅಲಂಕಾರಕ್ಕೆ ಹಾಕಬೇಡಿ. ಹೊಲದಲ್ಲಿ ಸತ್ತುಬಿದ್ದ ಹಸುಗಳು ಆ ಬೇಸಿಗೆಯ ಎಷ್ಟೋ ಚಿತ್ರಗಳಲ್ಲಿವೆ. ಒಂದನ್ನು ಬದುವಿನ ಬಳಿ ಇಟ್ಟರೆ ಸಾಕು.

ಎಲ್ಲ ಮುಗಿದ ಮೇಲೆ ಹಲಗೆಯ ಅಂಚಿಗೆ ಗಾಢ ಬಣ್ಣ ಬಳಿದು, ಊರು ಮತ್ತು ತಿಂಗಳು ಬರೆದ ಚಿಕ್ಕ ಫಲಕ ಹಾಕಿ. ಊರು ಕಲ್ಪಿತವಾದರೆ ಸೀಮೆಯ ಹೆಸರು ಮಾತ್ರ ಬರೆಯಿರಿ, ನಿಜವಾದ ಊರಿನ ಹೆಸರನ್ನು ಎರವಲು ತರಬೇಡಿ. ಅಕ್ರಿಲಿಕ್ ಮುಚ್ಚಳ ಹಾಕುವುದಾದರೆ ಅತಿ ಎತ್ತರದ ಹೊಗೆಗೂಡಿಗಿಂತ ಎರಡು ಬೆರಳು ಜಾಗ ಜಾಸ್ತಿ ಬಿಡಿ. ದೀಪವನ್ನು ನೆತ್ತಿಯ ಮೇಲೆ ಇಡದೆ ಪಕ್ಕದಿಂದ ಬೀಳಿಸಿ, ಕಲ್ಲಿನ ಸಾಲುಗಳ ನೆರಳು ಆಗಲೇ ಮೂಡುವುದು.